ಸುರಂಗದ ನೀರು ಸಪೂರವಾದ ಬಗ್ಗೆ

ಬದಿಯಡ್ಕ
ಫೆಬ್ರವರಿ 6

ಚಿರಂಜೀವಿ ಮಾಣಿಗೆ ದೊಡ್ಡಪ್ಪನ ಆಶೀರ್ವಾದಗಳು.

ನಿನ್ನ ಕಾಗದ ಮೊನ್ನೆ ಕೈಸೇರಿತು. ಕೊಯ್ಲಿನ ಸುದ್ದಿ, ಪುಳ್ಳಿಯ ಶಾಲೆಯ ಸುದ್ದಿ ಎಲ್ಲ ಫೋನಿನಲ್ಲಿ ಮಾತಾಡಿ ಆದದ್ದೇ. ಆದರೆ ಕಾಗದದ ಕೊನೆಗೆ ಎರಡು ಗೆರೆ ಬರೆದಿದ್ದೀಯಲ್ಲ, "ಸುರಂಗದ ನೀರು ಜನವರಿಗೇ ಸಪೂರ ಆಗಿದೆ, ನನ್ನ ಕಾಲದಲ್ಲಿಯೇ ಇದು ನಿಂತುಹೋಗುವುದೋ ಏನೋ" ಅಂತ. ಗುಡ್ಡೆಯ ಹೊಟ್ಟೆಗೆ ಅಡ್ಡಕ್ಕೆ ಕೊರೆದು, ಒರತೆಯ ನೀರು ತಾನಾಗಿ ಹರಿದುಬರುವ ಆ ಸುರಂಗವೇ ಮನೆಗೂ ತೋಟಕ್ಕೂ ಆಧಾರವಲ್ಲವೇ. ಆ ಗೆರೆಗಳನ್ನು ಓದಿದ ಮೇಲೆ ಎರಡು ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ. ಅದಕ್ಕೇ ಈ ಕಾಗದ.

ಸಪೂರ ಆದದ್ದು ನಿನ್ನ ಕಾಲದಲ್ಲಿ ಕಣ್ಣಿಗೆ ಬಿತ್ತು, ಅಷ್ಟೆ. ಶುರುವಾದದ್ದು ನಮ್ಮ ಕಾಲದಲ್ಲಿ. ಗುಡ್ಡೆಯ ನೆತ್ತಿಯ ಕಾಡು ಕಡಿದು ರಬ್ಬರ್ ಇಟ್ಟಾಗ ಮಳೆನೀರು ನಿಲ್ಲುವುದಕ್ಕೆ ಏನೂ ಮಾಡದವರು ನಾವು. ಪಂಪ್ ಬಂದ ಮೇಲೆ ತೋಡಿಗೆ ಕಟ್ಟ, ಅಂದರೆ ಹಳ್ಳಕ್ಕೆ ಅಡ್ಡವಾಗಿ ಬೇಸಗೆಯ ತಾತ್ಕಾಲಿಕ ಒಡ್ಡು, ಹಾಕುವುದನ್ನು ಬಿಟ್ಟವರೂ ನಾವೇ. ಈ ಮಾತನ್ನು ನಿನಗೆ ಯಾವತ್ತೋ ಹೇಳಬೇಕಿತ್ತು.

ಭಯಕ್ಕೆ ಮೊದಲು ಅಳತೆ ಬೇಕು. ಸಪೂರ ಅಂದರೆ ಎಷ್ಟು ಸಪೂರ? ಇಪ್ಪತ್ತು ಲೀಟರಿನ ಬಾಲ್ದಿಯೊಂದನ್ನು ಸುರಂಗದ ಬಾಯಿಯಲ್ಲೇ ನೀರು ಬೀಳುವ ದಂಬೆಯ ಕೆಳಗೆ ಇಟ್ಟು, ತುಂಬುವುದಕ್ಕೆ ಎಷ್ಟು ಹೊತ್ತು ಬೇಕು ಅಂತ ಮೊಬೈಲಿನಲ್ಲಿ ನೋಡು. ಎರಡೂವರೆ ನಿಮಿಷದಲ್ಲಿ ತುಂಬಿದರೆ ನಿಮಿಷಕ್ಕೆ 8 ಲೀಟರ್, ದಿನಕ್ಕೆ 11,520 ಲೀಟರ್. ಒಂದೆಕ್ರೆಯಲ್ಲಿ ಸುಮಾರು 550 ಅಡಕೆ ಮರ ಅಂತ ಇಟ್ಟುಕೋ. ಹನಿ ನೀರಾವರಿಯಲ್ಲಿ ಮರಕ್ಕೆ ದಿನಕ್ಕೆ 16ರಿಂದ 20 ಲೀಟರ್ ಸಾಕು ಅಂತ ವಿಟ್ಲದ ಸಂಶೋಧನಾ ಕೇಂದ್ರದವರು ಎಷ್ಟೋ ವರ್ಷದಿಂದ ಹೇಳುತ್ತಿದ್ದಾರೆ. ಹದಿನೆಂಟರ ಲೆಕ್ಕದಲ್ಲಿ 9,900 ಲೀಟರ್ ಆಯಿತು. ಮನೆಗೂ ಎರಡು ದನಗಳಿಗೂ ಸಾವಿರ ಲೀಟರ್ ಸೇರಿಸು. ಆ ಸಪೂರ ನೀರು ಒಂದೆಕ್ರೆಗೆ ಸರಿಹೋಗುತ್ತದೆ, ಮಾಣಿ. ಆದರೆ ರಾತ್ರಿ ಬಿದ್ದ ನೀರು ಹರಿದುಹೋಗದೆ ನಿಲ್ಲಬೇಕು. ಹನ್ನೆರಡು ಗಂಟೆಗೆ ಸುಮಾರು ಆರು ಸಾವಿರ ಲೀಟರ್ ಬರುವಲ್ಲಿ ಎರಡು ಸಾವಿರದ ಟಾಂಕಿ ಇದ್ದರೆ ಉಳಿದದ್ದೆಲ್ಲ ತೋಡಿಗೆ ಹೋಗಿ, ಬೆಳಿಗ್ಗೆ ಎದ್ದವನಿಗೆ ನೀರು ಸಾಲದು ಅಂತಲೇ ಕಾಣುತ್ತದೆ.

ಬಾಯಿಯಲ್ಲಿ ಅಳೆದ ಮೇಲೆ ಅದೇ ಬಾಲ್ದಿಯನ್ನು ಟಾಂಕಿಗೆ ಬೀಳುವ ಪೈಪಿನ ಕೆಳಗೂ ಇಡು. ಎರಡೂ ಕಡೆ ಒಂದೇ ಹೊತ್ತು ಬರಬೇಕು. ಟಾಂಕಿಯ ಕಡೆ ಹೆಚ್ಚು ಹೊತ್ತು ಹಿಡಿದರೆ ನೀರು ಕಡಿಮೆಯಾದದ್ದು ಗುಡ್ಡೆಯಲ್ಲಲ್ಲ, ಪೈಪಿನಲ್ಲಿ. ಬಿಸಿಲಿಗೆ ಒಣಗಿ ಬಿರಿದ ಜೋಡಣೆ, ಬೇರು ನುಗ್ಗಿದ ಕಡೆ, ಕಾಡುಹಂದಿ ಕೆದಕಿದ ಕಡೆ, ಈ ಮೂರನ್ನು ನೋಡು. ಹೆಚ್ಚಿನ ಸಲ ಅಲ್ಲೇ ಸಿಗುತ್ತದೆ. ನಿನ್ನ ಭಯಕ್ಕೆ ಇಷ್ಟೇ ಕಾರಣವಾಗಿದ್ದರೆ ಒಳ್ಳೆಯದಿತ್ತು ಅಂತ ನನ್ನ ಮನಸ್ಸು ಹೇಳುತ್ತದೆ.

ಒಳಗೆ ಹೂಳು ಕೂತಿದ್ದರೂ ನೀರು ಸಪೂರ ಆಗುತ್ತದೆ. ಮುರಕಲ್ಲಿನ (ಕೆಂಪುಕಲ್ಲಿನ) ಕೆಳಗೆ ಮೆತ್ತನೆಯ ಶೇಡಿ ಮಣ್ಣು ಸಿಗುವ ಕಡೆಯಲ್ಲಿಯೇ ಒರತೆ ಹೆಚ್ಚು, ಕುಸಿಯುವುದೂ ಅಲ್ಲಿಯೇ. ಮೇಲಿಂದ ಬಿದ್ದ ಮಣ್ಣು ದಿಬ್ಬವಾಗಿ ಕೂತರೆ ಅದರ ಹಿಂದೆ ನೀರು ನಿಂತು ಪಕ್ಕದ ಗೋಡೆಗೆ ಇಳಿಯುತ್ತದೆ, ಬಾಯಿಯಲ್ಲಿ ಹನಿ ಕಡಿಮೆಯಾಗುತ್ತದೆ. ಹೂಳು ತೆಗೆದರೆ ಮತ್ತೆ ಬರುವುದುಂಟು. ಆದರೆ ಇದನ್ನು ಬರೆಯುವಾಗ ನನ್ನ ಕೈ ನಿಲ್ಲುತ್ತದೆ. ನಿನ್ನ ಸ್ವಭಾವ ನನಗೆ ಗೊತ್ತು. ಓದಿದ ಮರುದಿನವೇ ಹಾರೆ ಹಿಡಿದು ಒಬ್ಬನೇ ಒಳಗೆ ಹೋಗಬೇಡ.

ಸುರಂಗ ಅಂದರೆ ಒಂದೂವರೆ ಎರಡು ಅಡಿ ಅಗಲ, ಆಳು ನಿಲ್ಲುವಷ್ಟು ಎತ್ತರ. ಒಳಗೆ ತಿರುಗುವುದೂ ಕಷ್ಟ. ಸುರಂಗ ತೆಗೆದು ಗೊತ್ತಿದ್ದ ಆಳನ್ನು ಕರೆದುಕೋ, ಎಷ್ಟು ಕೇಳಿದರೂ ಕೊಡು. ಬಾಯಿಯಲ್ಲಿ ಒಬ್ಬ ಕೂತಿರಲೇಬೇಕು, ಒಳಗಿನವನ ಸೊಂಟಕ್ಕೆ ಹಗ್ಗ ಇರಬೇಕು. ಮುಂದೆ ಮೇಣದ ಬತ್ತಿ ಹಿಡಿದು ಹೋಗುವುದು ಹಳೆಯ ಕ್ರಮ. ಜ್ವಾಲೆ ಸಣ್ಣದಾದರೆ ಅಲ್ಲಿಂದಲೇ ಹಿಂದೆ ಬರಬೇಕು. ಜ್ವಾಲೆ ಚೆನ್ನಾಗಿ ಉರಿಯುತ್ತಿದ್ದರೂ ತಲೆ ಭಾರ ಆದರೆ ಬತ್ತಿಯನ್ನು ನಂಬಬಾರದು, ಹೊರಗೆ ಬಂದುಬಿಡಬೇಕು. ನೀರು ತೋಡುವುದಕ್ಕೆ ಪೆಟ್ರೋಲ್, ಡೀಸೆಲ್, ಸೀಮೆಎಣ್ಣೆ ಯಾವ ಪಂಪನ್ನೂ ಒಳಗೆ ಮಾತ್ರವಲ್ಲ, ಬಾಯಿಯ ಹತ್ತಿರವೂ ನಡೆಸಬಾರದು. ಅದರ ಹೊಗೆಯಲ್ಲಿರುವ ವಿಷದ ಗಾಳಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಬೇರು ಜೋತ ಕಡೆ, ಮಾಡಿನಿಂದ ಮಣ್ಣಿನ ಹುಡಿ ಉದುರುವ ಕಡೆ ಕೈ ಹಾಕದಿರಲಿ. ನೆಲ ಆಳ ಮಾಡುತ್ತೇನೆಂದು ಶೇಡಿಯನ್ನು ಕೆತ್ತಿದರೆ ಗೋಡೆಯ ಬುಡ ಸಡಿಲವಾಗುತ್ತದೆ, ಅದೂ ಬೇಡ. ಈ ಕೆಲಸವನ್ನು ಮಾರ್ಚ್ ಕಳೆದು ಮಣ್ಣು ಚೆನ್ನಾಗಿ ಒಣಗಿದ ಮೇಲೆ ಇಟ್ಟುಕೋ, ಮಳೆ ಬಿದ್ದರೆ ನಿಲ್ಲಿಸು. ನೀರು ಹೋದರೆ ಹೋಗಲಿ ಮಾಣಿ, ಅದಕ್ಕಾಗಿ ನೀನು ಒಬ್ಬನೇ ಒಳಗೆ ಹೋದೆ ಅಂತ ಕೇಳುವ ಶಕ್ತಿ ನನಗಿಲ್ಲ.

"ನನ್ನ ಕಾಲದಲ್ಲಿಯೇ" ಅನ್ನುವ ನಿನ್ನ ಮಾತು ಮತ್ತೆ ಮತ್ತೆ ಬರುತ್ತದೆ. ನಮ್ಮಲ್ಲಿ ಮಳೆಗೆ ಬರವಿಲ್ಲ. ಈ ಕಾಸರಗೋಡು ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಬೀಳುತ್ತದೆ. ಒಂದೆಕ್ರೆ ಗುಡ್ಡೆಯ ಮೇಲೆ ಬೀಳುವ ನೀರಿನ ಲೆಕ್ಕ ಹಾಕಿದರೆ ಒಂದು ಕೋಟಿ ನಲವತ್ತು ಲಕ್ಷ ಲೀಟರಿನ ಮೇಲೆ. ಬಹುಪಾಲು ಜೂನಿನಿಂದ ಸೆಪ್ಟೆಂಬರ್ ಒಳಗೆ ಬಿದ್ದು, ಎರಡು ದಿನದಲ್ಲಿ ಹೊಳೆ ಸೇರಿ, ಸಮುದ್ರಕ್ಕೆ ಹೋಗುತ್ತದೆ. ಅಕ್ಟೋಬರ್, ನವೆಂಬರಿನ ತುಲಾ ಮಳೆ ಕೈಕೊಟ್ಟ ವರ್ಷ ಸುರಂಗ ಬೇಗ ಸಪೂರ ಆಗುವುದು ಇದರಿಂದಲೇ. ಗುಡ್ಡೆಯ ಹೊಟ್ಟೆಗೆ ಕೊನೆಯ ಗುಟುಕು ಸಿಗಲಿಲ್ಲ.

ಹಾಗಾಗಿ ಗುಡ್ಡೆಯ ಮೇಲೆ ಏನಾದರೂ ಮಾಡಬೇಕು. ಎರಡಡಿ ಅಗಲ, ಎರಡಡಿ ಆಳ, ಹತ್ತಡಿ ಉದ್ದದ ಇಂಗುಗುಂಡಿ ಒಂದು ಸಲಕ್ಕೆ 1,100 ಲೀಟರ್ ಹಿಡಿಯುತ್ತದೆ, ಮಳೆಗಾಲದಲ್ಲಿ ಎಷ್ಟೋ ಸಲ ತುಂಬಿ ಇಂಗುತ್ತದೆ. ಇಳಿಜಾರಿಗೆ ಅಡ್ಡವಾಗಿ, ಒಂದೇ ಮಟ್ಟದಲ್ಲಿ ಇರಬೇಕು. ಮಟ್ಟ ನೋಡುವುದಕ್ಕೆ ನೀರು ತುಂಬಿದ ಪಾರದರ್ಶಕ ಪೈಪ್ ಸಾಕು, ಮೇಸ್ತ್ರಿಗಳು ಇಟ್ಟುಕೊಳ್ಳುತ್ತಾರಲ್ಲ, ಅದೇ. ಮಟ್ಟ ತಪ್ಪಿದರೆ ನೀರೆಲ್ಲ ತಗ್ಗಿನ ತುದಿಗೆ ಓಡಿ ಅಲ್ಲಿ ಕೊರೆಯುತ್ತದೆ. ತೆಗೆದ ಮಣ್ಣನ್ನು ಕೆಳಬದಿಗೆ ಹಾಕಿ ತುಳಿದು ಹುಲ್ಲು ನೆಡು. ಮನೆಯ ಹಿಂದಿನ ಕಡಿದಾದ ದರೆಯ ಮೇಲೆ ಮಾತ್ರ ಒಂದು ಗುಂಡಿಯೂ ಬೇಡ, ಸುರಂಗದ ಬಾಯಿಯ ನೆತ್ತಿಯಲ್ಲೂ ಬೇಡ. ನೀರು ಕುಡಿದ ಮಣ್ಣು ಭಾರವಾಗಿ ಕುಸಿಯುತ್ತದೆ. ನೆಲದಲ್ಲಿ ಉದ್ದ ಬಿರುಕು ಕಂಡರೆ ಗುಂಡಿ ಮುಚ್ಚಿ ಹಿಂದೆ ಸರಿ. ಚಪ್ಪಟೆಯಾಗಿರುವ ನೆತ್ತಿ, ರಬ್ಬರಿನ ಮೆಟ್ಟಿಲುಗಳು, ಇಷ್ಟು ಜಾಗ ಸಾಕು. ಮೆಟ್ಟಿಲುಗಳು ಹೊರಕ್ಕೆ ವಾಲಿದ್ದರೆ ಒಳಕ್ಕೆ ವಾಲುವಂತೆ ತಿದ್ದಿಸು. ರಬ್ಬರ್ ಇಟ್ಟಾಗ ನಾವು ಮಾಡಬೇಕಾಗಿದ್ದ ಕೆಲಸ ಇದು, ನಿನ್ನ ತಲೆಗೆ ಬಂತು.

ಪಕ್ಕದ ಗುಡ್ಡೆಯ ಮಣ್ಣು ಮಾರುವ ಮಾತು ನಡೆಯುತ್ತಿದೆ ಅಂತಲೂ ಬರೆದಿದ್ದೀಯ. ಹೆದ್ದಾರಿ ಅಗಲ ಮಾಡುವ ಕೆಲಸಕ್ಕೆ ಗುಡ್ಡೆ ಕಡಿದ ಕಡೆ, ಚೆರ್ವತ್ತೂರಿನ ವೀರಮಲೆ 2025ರ ಜುಲೈಯಲ್ಲಿ ಜರಿದದ್ದನ್ನು ಪೇಪರಿನಲ್ಲಿ ಓದಿದ್ದೀಯ. ಜರಿಯುವುದು ಕಣ್ಣಿಗೆ ಕಾಣುತ್ತದೆ, ಒರತೆ ಸಾಯುವುದು ಕಾಣುವುದಿಲ್ಲ. ನಮ್ಮ ಸುರಂಗಕ್ಕೆ ನೀರು ಕೊಡುವ ನೆತ್ತಿ ನಮ್ಮ ಗಡಿಯಲ್ಲಿ ನಿಲ್ಲುವುದಿಲ್ಲ. ನೆರೆಯವರ ಹತ್ತಿರ ಸಿಟ್ಟಿನಿಂದಲ್ಲ, ಮನೆಗೆ ಹೋಗಿ ಕೂತು ಮಾತಾಡು. ಅವರ ಬಾವಿಗೂ ಅದೇ ಗುಡ್ಡೆಯ ನೀರು.

ಮಾತಿನಿಂದ ಆಗದಿದ್ದರೆ ಗ್ರಾಮಸಭೆಯುಂಟು. ಮೂರು ತಿಂಗಳಿಗೊಮ್ಮೆಯಾದರೂ ಸೇರಬೇಕು ಅಂತ ಕಾನೂನೇ ಇದೆ. 2025ರ ಡಿಸೆಂಬರಿನಲ್ಲಿ ಪಂಚಾಯತ್ ಚುನಾವಣೆ ಕಳೆದು ಹೊಸ ಸದಸ್ಯರು ಬಂದಿದ್ದಾರೆ, ಅವರಿಗೆ ಕೆಲಸ ಮಾಡುವ ಉಮೇದು ಇರುವ ಹೊತ್ತು. ಅರ್ಜಿ ಕನ್ನಡದಲ್ಲಿಯೇ ಕೊಡು. ಕೇರಳ ಸರಕಾರದ ಮಲಯಾಳ ಭಾಷಾ ಮಸೂದೆಯ ಚರ್ಚೆ ಓದಿ ನಮ್ಮ ಹುಡುಗರು ಅರ್ಜಿ ಕೊಡುವುದಕ್ಕೇ ಹಿಂಜರಿಯುವುದನ್ನು ನೋಡುತ್ತಿದ್ದೇನೆ, ಸಂಕಟವಾಗುತ್ತದೆ. ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲೂ ಅಹವಾಲು ಸಲ್ಲಿಸಬಹುದು ಅಂತ ಸಂವಿಧಾನದ 350ನೇ ವಿಧಿ ಹೇಳುತ್ತದೆ. ಒಂದು ಪ್ರತಿಗೆ ಸೀಲು ಹಾಕಿಸಿ ಇಟ್ಟುಕೊಳ್ಳುವುದನ್ನು ಮರೆಯಬೇಡ.

ಬೋರ್ ತೆಗೆಸೋಣವಾ ಅಂತ ಕೇಳಿದ್ದೀಯ. ಬೇಡ ಅನ್ನುವ ಹಕ್ಕು ನನಗೆ ಎಷ್ಟಿದೆಯೋ. ಆದರೆ ಕೇಸಿಂಗ್ ಪೈಪ್ ಗಟ್ಟಿ ಬಂಡೆಯವರೆಗೆ ಇಳಿದು ಕೂರದಿದ್ದರೆ ಮೇಲಿನ ಒರತೆಯ ನೀರೇ ಆ ತೂತಿಗೆ ಇಳಿದುಹೋಗುತ್ತದೆ. ಬೋರಿನಲ್ಲಿ ಸಿಕ್ಕಿತು ಅಂತ ಸಂತೋಷಪಟ್ಟ ನೀರು ಸುರಂಗದ್ದೇ ಆಗಿರಬಹುದು. ಆಗ ನಿನ್ನ ಭಯ ನಿಜವಾಗುತ್ತದೆ, ಅದೂ ನಿನ್ನ ಕೈಯಿಂದ. ಒಂದು ಬೇಸಗೆ ತಡೆದುಕೋ.

ಅದರ ಬದಲು ಕಟ್ಟ. ತೋಡಿನ ಕಟ್ಟದ ನೀರು ಸುರಂಗಕ್ಕೆ ಏರುವುದಿಲ್ಲ, ಅದು ನನಗೂ ಗೊತ್ತು. ಆದರೆ ಬೈಲಿನ ಕೆರೆ, ಬಾವಿ ತುಂಬಿದರೆ ತೋಟದ ಭಾರ ಸುರಂಗದ ಮೇಲಿಂದ ಇಳಿಯುತ್ತದೆ. ಸುರಂಗ ಮನೆಗೆ, ಕೆರೆ ತೋಟಕ್ಕೆ, ಹಿಂದೆ ಹಾಗೇ ಇದ್ದದ್ದು. ಏತಡ್ಕದವರು ಸಾಲಾಗಿ ಕಟ್ಟ ಹಾಕುವುದನ್ನು ಹೋಗಿ ನೋಡಿ ಬಾ. ಒಂದೇ ಕಟ್ಟದಿಂದ ದೊಡ್ಡ ಪ್ರಯೋಜನವಿಲ್ಲ, ಮೇಲಿನದರ ಸೋರಿಕೆ ಕೆಳಗಿನದಕ್ಕೆ ನಿಲ್ಲಬೇಕು.

ದಡ ಗಟ್ಟಿಯಿದ್ದು ತೋಡು ಕಿರಿದಾದ ಕಡೆ ಆರಿಸು. ಚೀಲಕ್ಕೆ ಮಣ್ಣು ಮುಕ್ಕಾಲು ಮಾತ್ರ ತುಂಬಿಸು. ಪೂರ್ತಿ ತುಂಬಿದ ಚೀಲ ಉರುಟಾಗಿ ನಿಂತು ನಡುವೆ ಸಂದು ಬಿಡುತ್ತದೆ. ಕಲ್ಲು ಕಟ್ಟುವ ಹಾಗೆ ಸಂದಿನ ಮೇಲೆ ಚೀಲ ಬರಲಿ. ಪ್ಲಾಸ್ಟಿಕ್ ಹಾಳೆಯನ್ನು ನೀರು ಬರುವ ಬದಿಗೆ ಹೊದೆಸಿ, ಕೆಳಗಿನ ಅಂಚನ್ನು ಒಂದಡಿ ಆಳದ ಚರಂಡಿಯಲ್ಲಿ ಹುಗಿದು ಜೇಡಿಮಣ್ಣು ತುಳಿದು ಮುಚ್ಚಬೇಕು. ಕಟ್ಟ ಸೋರುವುದು ನಡುವಿನಲ್ಲಿ ಅಲ್ಲ, ಬುಡದಲ್ಲಿ ಮತ್ತು ಎರಡು ಬದಿಯಲ್ಲಿ. ಹಾಗಾಗಿ ದಡವನ್ನು ಎರಡಡಿ ಒಳಕ್ಕೆ ಕಡಿದು ಚೀಲ ಕೂರಿಸು. ಏಡಿಯ ಮಾಟೆ (ಬಿಲ) ಹುಡುಕಿ ಮುಚ್ಚದಿದ್ದರೆ ಎಲ್ಲ ಕೆಲಸವೂ ನೀರಿನಲ್ಲಿ ಹೋಗುತ್ತದೆ. ಹೆಚ್ಚಾದ ನೀರು ಹರಿಯಲು ನಡುವೆ ಒಂದು ತಗ್ಗು ಬಿಡು. ತೋಡಿನಲ್ಲಿ ಹರಿವು ಇನ್ನೂ ಇದ್ದರೆ ಈಗಲೂ ಹಾಕಬಹುದು, ಆದರೆ ಸರಿಯಾದ ಹೊತ್ತು ಡಿಸೆಂಬರ್. ಮೇ ಕೊನೆಯ ವಾರದ ಪತ್ತನಾಜೆಯೊಳಗೆ ಬಿಚ್ಚಿ ಹಾಳೆ ಮಡಚಿ ಅಟ್ಟದಲ್ಲಿಡು. ಬಿಚ್ಚದೆ ಬಿಟ್ಟರೆ ಮೊದಲ ನೆರೆಗೆ ದಡವೇ ಕೊಚ್ಚಿಹೋಗಿ, ಮರುವರ್ಷ ಯಾರೂ ಕೆಲಸಕ್ಕೆ ಬರುವುದಿಲ್ಲ.

ಇದು ಒಬ್ಬ ಮಾಡುವ ಕೆಲಸವಲ್ಲ. ತೋಡಿನ ಎರಡೂ ದಡದ ಮನೆಯವರಲ್ಲಿ, ಬ್ಯಾರಿಗಳ ಮನೆಯಾಗಲಿ ಮಲಯಾಳಿಗಳ ಮನೆಯಾಗಲಿ, ಹೋಗಿ ಹೇಳಬೇಕು. ನಾವು ಕಟ್ಟ ಬಿಟ್ಟದ್ದು ಆಳು ಸಿಗದೆ ಅಂತ ಹೇಳಿಕೊಂಡೆವು. ಕರೆಯುವುದಕ್ಕೆ ಮನೆಮನೆಗೆ ಹೋಗಲಿಲ್ಲ ಅನ್ನುವುದು ನಿಜ. ಒಂದು ಆದಿತ್ಯವಾರ, ಬೆಳಿಗ್ಗೆ ಏಳರಿಂದ ಮಧ್ಯಾಹ್ನದವರೆಗೆ, ಮನೆಗೊಬ್ಬರು ಬಂದರೆ ಸಾಕು. ಊಟ ನಮ್ಮ ಮನೆಯಲ್ಲಿ ಅಂತ ಹೇಳು, ಖರ್ಚು ನಾನು ಕೊಡುತ್ತೇನೆ.

ಮರದ ಬುಡಕ್ಕೆ ಸೋಗೆ, ಸಿಪ್ಪೆ ಹೊದೆಸುವುದನ್ನು ನಿನಗೆ ಹೇಳಬೇಕಾಗಿಲ್ಲ. ಸ್ಪ್ರಿಂಕ್ಲರ್ ಮಧ್ಯಾಹ್ನ ಹಾಕಬೇಡ ಅಂತ ಮಾತ್ರ ನೆನಪಿಸುತ್ತೇನೆ.

ಈ ಆದಿತ್ಯವಾರ ಬಾಲ್ದಿ ಇಟ್ಟು ಎರಡೂ ಕಡೆಯ ನಿಮಿಷ ಬರೆದು ಕಳಿಸು. ಮೇ ಕೊನೆಯವರೆಗೆ ವಾರಕ್ಕೊಮ್ಮೆ ಅದೇ ಬಾಲ್ದಿಯಲ್ಲಿ ಅಳೆದು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕು. ಎರಡೂವರೆ ನಿಮಿಷಕ್ಕಿಂತ ಹೆಚ್ಚು ಬಂದರೆ ಅದೇ ದಿನ ಫೋನು ಮಾಡು, ರಾತ್ರಿಯಾದರೂ ಸರಿ.

ಇತಿ, ನಿನ್ನ
ದೊಡ್ಡಪ್ಪ

ಮರೆತಿದ್ದೆ: ಸುರಂಗದ ಬಾಯಿಗೆ ಕಬ್ಬಿಣದ ಬಲೆಯ ಬಾಗಿಲು ಮಾಡಿಸು. ಮುಳ್ಳುಹಂದಿ ಒಳಗೆ ಸೇರುವುದಿಲ್ಲ, ಪುಳ್ಳಿಯೂ ಆಡುತ್ತಾ ಒಳಗೆ ಹೋಗುವುದಿಲ್ಲ. ಬೀಗದ ಕೈ ನಿನ್ನ ಹತ್ತಿರವಲ್ಲ, ಸೊಸೆಯ ಹತ್ತಿರ ಇರಲಿ.