ಹೊಳೆಗೆ ಮೀನು ಬಿಡುವ ಮೊದಲು ದಡ ಬಿಡಿ

ಮಾನ್ಯ ಸಂಪಾದಕರೇ,

ಹೊಳೆಗೆ ಮೀನುಮರಿ ಬಿಟ್ಟ ಫೋಟೋ ನಿಮ್ಮ ಪತ್ರಿಕೆಯಲ್ಲಿ ನೋಡಿದೆ. ಪ್ಲಾಸ್ಟಿಕ್ ಚೀಲದ ಬಾಯಿ ಬಿಚ್ಚಿ ಮರಿ ಸುರಿಯುವ ಗಣ್ಯರು, ಹಿಂದೆ ಸಾಲಾಗಿ ನಿಂತ ಶಾಲೆ ಮಕ್ಕಳು. ಬಿಟ್ಟದ್ದು ಕಾಟ್ಲಾ ಮತ್ತು ರೋಹು. ಎರಡೂ ಗಂಗಾ ಬಯಲಿನ ಮೀನುಗಳು. ಕೆರೆಯಲ್ಲಿ ಸಾಕಿ ಮಾರುವುದಕ್ಕೆ ಒಳ್ಳೆಯವೇ, ಬೇಡ ಅನ್ನುವುದಿಲ್ಲ. ಆದರೆ ಅವನ್ನು ಮಲೆನಾಡಿನ ಹೊಳೆಗೆ ಸುರಿದು ಅಳಿಯುತ್ತಿರುವ ಮೀನು ಉಳಿಸಿದೆವು ಎಂದರೆ ಹೇಗೆ? ಮನೆ ಮಕ್ಕಳು ಊಟವಿಲ್ಲದೆ ಕೂತಿರುವಾಗ ಪಕ್ಕದೂರಿನವರನ್ನು ಕರೆದು ಪಂಕ್ತಿಗೆ ಕೂರಿಸಿದ ಹಾಗಾಯಿತು.

ನಮ್ಮದು ತೀರ್ಥಹಳ್ಳಿ ಕಡೆ. ಮನೆ ಕೆಳಗೆ ಅಡಿಕೆ ತೋಟ, ತೋಟದ ಬುಡದಲ್ಲಿ ಹಳ್ಳ. ಹಳ್ಳ ಮುಂದೆ ಹೋಗಿ ತುಂಗೆ ಸೇರುತ್ತದೆ. ನಾನು ಹುಡುಗನಾಗಿದ್ದಾಗ ಅದರಲ್ಲಿ ಒಂದು ಗುಂಡಿ ಇತ್ತು. ಏಪ್ರಿಲ್‌ನಲ್ಲೂ ಎರಡಾಳು ನೀರು. ಅದರ ಮೇಲೆ ಒಂದು ಅತ್ತಿಮರ ವಾಲಿಕೊಂಡಿತ್ತು. ಹಣ್ಣು ಡುಬುಕ್ ಅಂತ ಬಿದ್ದದ್ದೇ ತಡ, ಕಪ್ಪು ನೀರಿನ ಅಡಿಯಿಂದ ಒಂದು ಬೆನ್ನು ಎದ್ದು ಬರುತ್ತಿತ್ತು. ನೀರು ಒಮ್ಮೆ ಸುತ್ತಿಕೊಳ್ಳುತ್ತಿತ್ತು. ಹಣ್ಣು ಮಾಯ! ಮರಕ್ಕೆ ಕಲ್ಲು ಹೊಡೆದು ಹಣ್ಣು ಬೀಳಿಸುವುದೇ ನಮಗೆ ಬೇಸಿಗೆ ರಜೆ. ಹಣ್ಣಿಗೆ ಬರುತ್ತಿದ್ದದ್ದು ಮಹಶೀರ್. ಸೊಪ್ಪಿಗೆ ಬರುವ ಇನ್ನೊಂದಿತ್ತು, ಹರಗಿ. ನೀರೊಳಗಿನ ಸೊಪ್ಪು, ದಡದಿಂದ ಬಾಗಿದ ಹುಲ್ಲು, ಉದುರಿದ ಎಲೆ, ಇಷ್ಟೇ ಅದರ ಊಟ. ಥೇಟ್ ದನ ಮೇಯ್ದ ಹಾಗೆ ಮೇಯುತ್ತಿತ್ತು. ಇವತ್ತು ಹರಗಿ ಅಂತಾರಾಷ್ಟ್ರೀಯ ಕೆಂಪು ಪಟ್ಟಿಯಲ್ಲಿದೆ, ಅದೂ ತೀರಾ ಅಪಾಯದಲ್ಲಿರುವವುಗಳ ಸಾಲಿನಲ್ಲಿ. ನಮ್ಮ ಗುಂಡಿಯಲ್ಲಂತೂ ನಾನು ಅದನ್ನು ನೋಡಿ ಮೂವತ್ತು ವರ್ಷ ಆಗಿರಬೇಕು. ಈಗ ಅಲ್ಲಿ ಗುಂಡಿಯೂ ಇಲ್ಲ, ಅತ್ತಿಮರವೂ ಇಲ್ಲ.

ಮರ ಕಡಿದವರು ಯಾರು ಅಂತ ಕೇಳಬೇಡಿ. ನಾವೇ. ತೋಟಕ್ಕೆ ನೆರಳಾಗುತ್ತದೆ ಎಂದು ಕಡಿದೆವು. ಹಳ್ಳದ ಅಂಚಿನ ತನಕ ಅಡಿಕೆ ಸಸಿ ಇಟ್ಟೆವು. ಪಹಣಿ ತೆಗೆದು ನೋಡಿದರೆ ಹಳ್ಳದ ಜಾಗ 'ಬಿ' ಖರಾಬು, ಅಂದರೆ ಸಾರ್ವಜನಿಕ ಜಾಗ, ಎಂದು ಬೇರೆಯೇ ತೋರಿಸಿರುತ್ತದೆ. ಅದು ನಮ್ಮದಲ್ಲ ಎಂದು ಎಲ್ಲರಿಗೂ ಗೊತ್ತು. ಆದರೂ ವರ್ಷಕ್ಕೆ ಒಂದು ಮೊಳದ ಹಾಗೆ ಬೇಲಿ ಮುಂದೆ ಹೋಗುತ್ತಲೇ ಇರುತ್ತದೆ. ಈ ಪತ್ರ ಬರೆಯುವ ಯೋಗ್ಯತೆ ನನಗೆ ಎಷ್ಟಿದೆ ಎಂದು ಅನುಮಾನ ಬಂದರೆ ತಪ್ಪಿಲ್ಲ.

2019ರ ಆಗಸ್ಟ್ ನೆರೆ ಮರೆಯುವ ಹಾಗಿಲ್ಲ. ಅಂಚಿಗೆ ಇಟ್ಟ ಅಡಿಕೆ ಮರಗಳು ಮಣ್ಣಿನ ಸಮೇತ ಕುಸಿದು ಹೋದವು. ಅಡಿಕೆ ಬೇರು ಹಿಡಿಯುವುದೇ ಮೇಲ್ಮಣ್ಣು, ಅದು ದಡ ಕಟ್ಟುವ ಬೇರಲ್ಲ. ನಾವು ಅರ್ಜಿ ಕೊಟ್ಟೆವು. ಮರುವರ್ಷ ಬೇಸಿಗೆಯಲ್ಲಿ ಜೆಸಿಬಿ ಬಂತು. ಹಳ್ಳದ ಎರಡು ತಿರುವು ನೇರ ಮಾಡಿ, ನಮ್ಮ ಮಗ್ಗುಲಿಗೆ ಕಾಂಕ್ರೀಟ್ ತಡೆಗೋಡೆ ಎಬ್ಬಿಸಿದರು. ನಾವು ಖುಷಿಪಟ್ಟೆವು, ಸುಳ್ಳು ಯಾಕೆ ಹೇಳಲಿ. ಮುಂದಿನ ಮಳೆಗೆ ಗೊತ್ತಾಯಿತು. ತಿರುವು ಹೋದ ನೀರಿಗೆ ಕಡಿವಾಣ ಇಲ್ಲ. ಗೋಡೆಗುಂಟ ಓಡಿ, ಗೋಡೆ ಮುಗಿದಲ್ಲಿ ಕೆಳಮನೆಯವರ ತೋಟ ಕೊರೆಯಿತು. ಕೊರೆದ ಮಣ್ಣು ಮರಳೆಲ್ಲ ಬಂದು ಗುಂಡಿ ತುಂಬಿತು. ಈಗ ಅವರು ಗೋಡೆಗೆ ಅರ್ಜಿ ಕೊಟ್ಟಿದ್ದಾರೆ. ಹೀಗೆಯೇ ಹೋದರೆ ತುಂಗೆ ತನಕ ಗೋಡೆಯೇ.

ಎದುರು ದಡದವರು ಸ್ವಲ್ಪ ಸೋಮಾರಿಗಳು. ಅವರ ಅಂಚಿನಲ್ಲಿ ವಾಟೆ, ಮುಂಡಿಗೆ, ಹೊಂಗೆ, ನೀರುಕಣಗಿಲೆ ಎಲ್ಲ ಹಾಗೇ ಬೆಳೆದುಕೊಂಡಿದ್ದವು. ನೆರೆಯಲ್ಲಿ ಎಲ್ಲ ಮಲಗಿದವು, ನೀರು ಇಳಿದ ಮೇಲೆ ಎದ್ದು ನಿಂತವು. ಕಲ್ಲಿನ ಸಂದಿಗೆ ಬೇರು ಬಿಟ್ಟ ನೀರುಕಣಗಿಲೆಯನ್ನು ಕಿತ್ತು ನೋಡಿ, ಎರಡು ಕೈ ಸಾಲುವುದಿಲ್ಲ. ಅವರ ದಡ ಒಂದಡಿಯೂ ಹೋಗಲಿಲ್ಲ. ಈಗ ಹಳ್ಳದಲ್ಲಿ ಏನಾದರೂ ಮೀನು ಉಳಿದಿದ್ದರೆ ಅದು ಆ ಬೇರುಗಳ ಅಡಿಯಲ್ಲೇ. ಮಧ್ಯಾಹ್ನ ಗೋಡೆ ಪಕ್ಕದ ನೀರಿಗೆ ಕಾಲಿಟ್ಟರೆ ಬೆಚ್ಚಗೆ, ಆಚೆ ನೆರಳಿಗೆ ಹೋದರೆ ತಣ್ಣಗೆ. ಬೆಚ್ಚಗಾದ ನೀರಲ್ಲಿ ಆಮ್ಲಜನಕ ಕಡಿಮೆ. ಮಹಶೀರ್‌ನಂಥ ಮೀನು ಮೊಟ್ಟೆ ಇಡಲು ತೊಳೆದ ಜಲ್ಲಿಕಲ್ಲು, ಉಸಿರಾಡುವ ನೀರು ಹುಡುಕುತ್ತದೆ. ಹೂಳು ಕೂತರೆ ಮೊಟ್ಟೆ ಅಲ್ಲೇ ಉಸಿರುಗಟ್ಟುತ್ತದೆ.

ಮೋರಿಯ ವಿಷಯ ಹೇಳಲೇಬೇಕು. ಮೊದಲ ಮಳೆಗೆ ಹತ್‌ಮೀನು ಹತ್ತುವುದು ನಮ್ಮ ಕಡೆ ಹಬ್ಬ ಇದ್ದ ಹಾಗೆ. ಹೊಳೆಯಿಂದ ಹಳ್ಳಕ್ಕೆ, ಹಳ್ಳದಿಂದ ಗದ್ದೆಗೆ ಮೊಟ್ಟೆ ಇಡಲು ಏರುತ್ತವೆ. ಜನ ಲೈಟು, ಕತ್ತಿ, ಮೀನು ಹಿಡಿಯುವ ಕೂಣಿ ಹಿಡಿದು ಕಾಯುತ್ತಾರೆ. ನಾಲ್ಕು ವರ್ಷದ ಹಿಂದೆ ಜೂನ್ ರಾತ್ರಿ ನಾನೂ ಟಾರ್ಚ್ ಹಿಡಿದು ಹೋಗಿದ್ದೆ. ನಮ್ಮ ರಸ್ತೆ ಮೋರಿಯ ಪೈಪು ಹಳ್ಳದ ಮಟ್ಟಕ್ಕಿಂತ ಎರಡಡಿ ಮೇಲಿದೆ. ನೀರು ಅಲ್ಲಿಂದ ಜಲಪಾತದ ಹಾಗೆ ಕಾಂಕ್ರೀಟ್ ಹಾಸಿನ ಮೇಲೆ ಬೀಳುತ್ತದೆ. ಬೆರಳುದ್ದದ ಮೀನುಗಳು ಹಾರುತ್ತಿದ್ದವು. ಪೈಪಿನ ಬಾಯಿಗೆ ಬಡಿದು ಕಾಂಕ್ರೀಟಿನ ಮೇಲೆ ಬಿದ್ದು, ಜಾರಿ ಕೆಳಗೆ ಹೋಗಿ, ಮತ್ತೆ ಹಾರುತ್ತಿದ್ದವು. ಹೊಟ್ಟೆ ತುಂಬ ಮೊಟ್ಟೆ. ಒಂದರ ಮೂತಿ ಕೆಂಪಾಗಿ ಸುಲಿದಿತ್ತು. ಅರ್ಧ ಗಂಟೆ ನಿಂತೆ, ಒಂದೂ ಹತ್ತಲಿಲ್ಲ. ಹಿಡಿಯುವವರಿಗಂತೂ ಬಗ್ಗಿ ಬಾಚುವುದಷ್ಟೇ ಕೆಲಸ. ನನಗೆ ಯಾಕೋ ಅವತ್ತು ಕೈ ಬರಲಿಲ್ಲ.

ಮುಂದಿನ ಬೇಸಿಗೆಯಲ್ಲಿ ನಾಲ್ಕು ಜನ ಸೇರಿ ಮೋರಿ ಬುಡಕ್ಕೆ ಕಾಡುಕಲ್ಲು ಜೋಡಿಸಿದೆವು. ಗೋಡೆ ಥರ ಅಲ್ಲ, ಇಳಿಜಾರು ಮೆಟ್ಟಿಲ ಥರ. ಕಲ್ಲು ಕಲ್ಲಿನ ಮಧ್ಯೆ ಬೋಗುಣಿಯಷ್ಟು ನೀರು ನಿಲ್ಲುವ ಹಾಗೆ. ಎರಡು ದಿನದ ಕೆಲಸ, ಖರ್ಚು ಅಂದರೆ ಕಾಫಿ ತಿಂಡಿ. ಆ ಮಳೆಗೆ ಸೋಸಲು, ಚೇಳು, ಮುರುಗೋಡು ಮೀನುಗಳು ಮೋರಿ ದಾಟಿ ಹೋದದ್ದನ್ನು ಕಣ್ಣಾರೆ ನೋಡಿದ್ದೇನೆ. ಮೇಲಿನ ಗದ್ದೆಯಲ್ಲಿ ಮರಿ ಆಡುತ್ತಿದ್ದವು. ಹರಗಿ ಬಂದಿಲ್ಲ, ಮಹಶೀರ್ ಬಂದಿಲ್ಲ. ಬರುವುದಕ್ಕೆ ಗುಂಡಿ ಬೇಕಲ್ವಾ.

ಶೃಂಗೇರಿಯಲ್ಲಿ, ನಮ್ಮ ಚಿಬ್ಬಲಗುಡ್ಡೆಯಲ್ಲಿ, ಶಿಶಿಲದಲ್ಲಿ ಅಷ್ಟೊಂದು ಮೀನಿದೆಯಲ್ಲ ಎನ್ನುವವರಿದ್ದಾರೆ. ಇದೆ, ನಿಜ. ದೇವರ ಮೀನು ಎಂದು ತಲೆತಲಾಂತರದಿಂದ ಯಾರೂ ಮುಟ್ಟದ್ದಕ್ಕೆ ಉಳಿದಿವೆ. ಮಂಡಕ್ಕಿ ಎರಚಿದರೆ ಮೊಳದುದ್ದದವು ಮುಗಿಬೀಳುತ್ತವೆ, ನೋಡಲು ಚೆಂದ. ಆದರೆ ದೇವಸ್ಥಾನದ ಮೆಟ್ಟಿಲಿನಿಂದ ಕಾಣುವಷ್ಟೇ ಹೊಳೆಯಲ್ಲ. ಒಂದೇ ಗುಂಡಿಯಲ್ಲಿ ಎಲ್ಲ ಮೀನು ಸೇರಿದರೆ ಏನಾಗಬಹುದು ಎಂಬುದನ್ನು 1996ರಲ್ಲಿ ಶಿಶಿಲದಲ್ಲೇ ನೋಡಿದ್ದೇವೆ. ಯಾರೋ ಅಲ್ಲಿನ ಕಪಿಲಾ ಹೊಳೆಗೆ ವಿಷ ಹಾಕಿದರು, ಸಾವಿರಾರು ಮೀನು ತೇಲಿದವು. ಅವುಗಳ ನೆನಪಿಗೆ ಅಲ್ಲಿ ಸ್ಮಾರಕವೇ ಇದೆ. ನೀರಿಗೆ ವಿಷ ಹಾಕುವುದು, ತೋಟೆ ಸಿಡಿಸುವುದು ಅಪರಾಧ ಎಂದು 1897ರ ಮೀನುಗಾರಿಕೆ ಕಾಯ್ದೆಯಲ್ಲೇ ಹೇಳಿದೆ. ನಮ್ಮಲ್ಲಿ ಈಗಲೂ ಬೇಸಿಗೆ ಬಂದರೆ ಬ್ಲೀಚಿಂಗ್ ಪೌಡರ್ ವಾಸನೆ ಬರುತ್ತದೆ.

ವಿಷ ಎಂದ ಮೇಲೆ ಮೈಲುತುತ್ತದ, ಅಂದರೆ ತಾಮ್ರದ ಸಲ್ಫೇಟಿನ, ಮಾತೂ ಬರಬೇಕು. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯದೆ ಅಡಿಕೆ ಉಳಿಯುವುದಿಲ್ಲ. 100 ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ. ಹೊಡೆಯುವುದು ಮಳೆಗಾಲದ ಬಿಡುವಿನಲ್ಲಿ, ಮೀನು ಮರಿ ಮಾಡುವ ಕಾಲವೂ ಅದೇ. ಸಂಜೆ ಕೆಲಸ ಮುಗಿದ ಮೇಲೆ ಡ್ರಮ್ಮು, ಪಂಪು ತೊಳೆಯುವುದು ಎಲ್ಲಿ? ಹಳ್ಳದಲ್ಲಿ. ನೀಲಿ ನೀರು ಹರಿದು ಹೋಗುವುದನ್ನು ನಾನು ಎಷ್ಟು ಸಲ ನೋಡಿದ್ದೇನೋ. ತಾಮ್ರ ಮೀನಿಗೆ ಆಗುವುದಿಲ್ಲ. ಡ್ರಮ್ಮನ್ನು ತೋಟದ ಮೇಲ್ಭಾಗದಲ್ಲಿ ತೊಳೆದರೆ ನಮಗೆ ಹೋಗುವ ಗಂಟು ಏನೂ ಇಲ್ಲ.

ಮರಿ ಬಿಡುವವರಿಗೆ ಕಾವೇರಿಯ ಕಥೆ ಒಂದು ನೆನಪಿಸುತ್ತೇನೆ. ಬೆನ್ನು ಉಬ್ಬಿದ ಕಿತ್ತಳೆ ರೆಕ್ಕೆಯ ಮಹಶೀರ್ ಕಾವೇರಿ ಮತ್ತು ಅದರ ಉಪನದಿಗಳನ್ನು ಬಿಟ್ಟರೆ ಪ್ರಪಂಚದಲ್ಲಿ ಬೇರೆಲ್ಲೂ ಇಲ್ಲ. 1946ರಲ್ಲಿ ಕಬಿನಿಯಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರು ಹಿಡಿದದ್ದು 120 ಪೌಂಡ್ ತೂಗಿತ್ತು, ಅಂದರೆ ಅರ್ಧ ಕ್ವಿಂಟಾಲಿಗಿಂತ ಜಾಸ್ತಿ. ಆಮೇಲೆ ಮಹಶೀರ್ ಕಡಿಮೆಯಾಯಿತು ಎಂದು ಲೋಣಾವಳದ ಮರಿಕೇಂದ್ರದ ನೀಲಿ ರೆಕ್ಕೆಯ ಮಹಶೀರ್ ತಂದು ಕಾವೇರಿಗೆ ಬಿಟ್ಟರು. ಉದ್ದೇಶ ಒಳ್ಳೆಯದೇ. ಆದರೆ ನೀಲಿ ರೆಕ್ಕೆಯದು ಕೃಷ್ಣಾ ಸೀಮೆಯದು. ಅದು ಹೆಚ್ಚಿತು, ಊರ ಮೀನು ಕರಗಿತು. ಆ ಊರ ಮೀನಿಗೆ ವಿಜ್ಞಾನಿಗಳು ಸರಿಯಾದ ಹೆಸರು ಗುರುತಿಸಿದ್ದೇ 2018ರಲ್ಲಿ. ಅದೇ ವರ್ಷ ಅದು ತೀರಾ ಅಪಾಯದ ಪಟ್ಟಿಗೂ ಸೇರಿತು. ತಮಾಷೆ ನೋಡಿ, ಅದೇ ನೀಲಿ ರೆಕ್ಕೆಯದು ನಮ್ಮ ತುಂಗೆಗೆ ಮನೆಮಗ. ತುಂಗೆ ಹೋಗಿ ಸೇರುವುದು ಕೃಷ್ಣೆಗೆ ತಾನೆ. ಒಂದು ಹೊಳೆಯಲ್ಲಿ ಮನೆಮಗ, ಇನ್ನೊಂದರಲ್ಲಿ ಒಕ್ಕಲೆಬ್ಬಿಸುವವನು. ಇಷ್ಟು ನೋಡದೆ ಚೀಲ ಬಿಚ್ಚಬಾರದು.

ಹಾಗಾಗಿ ಸಂಬಂಧಪಟ್ಟವರಲ್ಲಿ ನನ್ನ ಕೋರಿಕೆ ಇಷ್ಟೇ. ಹೊಳೆಗೆ ಮರಿ ಬಿಡಲೇಬೇಕಿದ್ದರೆ ಆ ಹೊಳೆಯದ್ದೇ ಮರಿ ಬಿಡಿ, ಅದಕ್ಕೂ ಮೊದಲು ಅದು ಬದುಕುವ ಜಾಗ ಮಾಡಿ. ಹಳ್ಳದ ಖರಾಬು ಎಲ್ಲಿಂದ ಎಲ್ಲಿಗೆ ಎಂದು ಅಳೆದು ಕಲ್ಲು ನೆಡಿ. ನಮ್ಮ ತೋಟದಿಂದಲೇ ಶುರು ಮಾಡಿ, ನಾಲ್ಕು ಸಾಲು ಅಡಿಕೆ ಹೋಗಬಹುದು, ಲೆಕ್ಕ ಹಾಕಿಕೊಂಡಿದ್ದೇನೆ. ಅಲ್ಲಿಗೆ ಅಕೇಶಿಯಾ ತಂದು ನೆಡಬೇಡಿ. ಅತ್ತಿ, ಹೊಳೆಮತ್ತಿ, ಹೊಂಗೆ, ನೀರುನೇರಳೆ, ಹೊಳೆದಾಸವಾಳ ನರ್ಸರಿಯಲ್ಲಿ ಬೆಳೆಸಿ ಕೊಡಿ. ಹೊಸ ಮೋರಿ ಹಾಕುವಾಗ ಪೈಪನ್ನು ಹಳ್ಳದ ತಳಕ್ಕಿಂತ ಸ್ವಲ್ಪ ಕೆಳಗೇ ಕೂರಿಸಿ. ಇದಕ್ಕೆ ಹೆಚ್ಚುವರಿ ಬಜೆಟ್ ಬೇಡ, ಇಂಜಿನಿಯರ್ ಒಮ್ಮೆ ಹಳ್ಳಕ್ಕೆ ಇಳಿದರೆ ಸಾಕು.

ನಮ್ಮ ಮೋರಿ ನೋಡಬೇಕು ಎನ್ನುವವರು ಜೂನ್‌ನಲ್ಲಿ ಬನ್ನಿ, ಗುಡುಗಿದ ಮಾರನೇ ರಾತ್ರಿ. ಟಾರ್ಚ್ ತನ್ನಿ. ಕತ್ತಿ ಮನೆಯಲ್ಲೇ ಇರಲಿ.

ಇತಿ,
ಒಬ್ಬ ಅಡಿಕೆ ಬೆಳೆಗಾರ
ತೀರ್ಥಹಳ್ಳಿ ತಾಲೂಕು