ವಿಮಾನಕ್ಕೂ ಮೊದಲು ಜಾವಗಲ್ ಹತ್ತಿರ ಒಂದು ತೋಟವಿತ್ತು

ಮಾನ್ಯ ಸಂಪಾದಕರೇ,

ಹೇಮಾವತಿ ತುಂಬಿದಾಗಲೆಲ್ಲ ನಿಮ್ಮ ಪತ್ರಿಕೆಯಲ್ಲಿ ಗೊರೂರು ಅಣೆಕಟ್ಟೆಯ ಚಿತ್ರ ಬರುತ್ತದೆ. ನೀರು 2,922 ಅಡಿ ಮುಟ್ಟಿತು ಅಂತ ಸುದ್ದಿ ಇರುತ್ತದೆ. ಪಕ್ಕದಲ್ಲಿ ಶೆಟ್ಟಿಹಳ್ಳಿಯ ಹಳೇ ಚರ್ಚು ಅರ್ಧ ಮುಳುಗಿ ನಿಂತಿರುವ ಫೋಟೊ. ಈ ಸಲ ಅದೇ ವಾರ ಇನ್ನೊಂದು ಪುಟದಲ್ಲಿ ಕ್ಯಾಪ್ಟನ್ ಜಿ.ಆರ್. ಗೋಪಿನಾಥ್ ಅವರ ಬಗ್ಗೆಯೂ ಬರೆದಿದ್ದಿರಿ. ಅವರು ಕಟ್ಟಿದ ಅಗ್ಗದ ವಿಮಾನ ಕಂಪನಿ ಏರ್ ಡೆಕ್ಕನ್, ಒಂದು ರೂಪಾಯಿ ಟಿಕೆಟ್, ಬಡವರೂ ವಿಮಾನ ಹತ್ತಿದ ಕಥೆ. ಓದಿ ಖುಷಿಯಾಯಿತು. ಆದರೆ ಆ ಲೇಖನಕ್ಕೂ ಆ ಫೋಟೊಗೂ ಇರುವ ನಂಟು ಎಲ್ಲೂ ಬರಲಿಲ್ಲ. ಅದನ್ನು ಹೇಳೋಣ ಅಂತಲೇ ಈ ಪತ್ರ.

ಗೋಪಿನಾಥ್ ಗೊರೂರಿನವರು. 1951ರಲ್ಲಿ ಹುಟ್ಟಿದವರು. ಎಂಟು ಮಕ್ಕಳ ಮನೆ. ತಂದೆ ಮೇಷ್ಟ್ರು, ಬೇಸಾಯವೂ ಇತ್ತು. ಮಗನನ್ನು ಮೊದಮೊದಲು ಶಾಲೆಗೆ ಕಳಿಸದೆ ಮನೆಯಲ್ಲೇ ಓದಿಸಿದರು. ಹುಡುಗ ಕನ್ನಡ ಶಾಲೆಗೆ ಸೇರಿದ್ದು ಐದನೇ ಕ್ಲಾಸಿಗೆ. ಆಮೇಲೆ ಬಿಜಾಪುರದ ಸೈನಿಕ ಶಾಲೆ, ಅಲ್ಲಿಂದ ಸೇನೆಗೆ ಅಧಿಕಾರಿಗಳನ್ನು ತಯಾರು ಮಾಡುವ ಎನ್‌ಡಿಎ, ಡೆಹ್ರಾಡೂನ್‌ನ ಸೇನಾ ಅಕಾಡೆಮಿ. 1971ರ ಡಿಸೆಂಬರ್‌ನಲ್ಲಿ ಬಾಂಗ್ಲಾ ಯುದ್ಧ ಶುರುವಾದಾಗ ಅವರಿಗೆ 20 ವರ್ಷ ತುಂಬಿ ತಿಂಗಳೂ ಆಗಿರಲಿಲ್ಲ. ಆ ಯುದ್ಧದಲ್ಲಿ ಹೋರಾಡಿದರು. ಎಂಟು ವರ್ಷ ಸೇವೆ ಮಾಡಿ, 28ನೇ ವಯಸ್ಸಿನಲ್ಲಿ ಸೇನೆ ಬಿಟ್ಟರು.

ನಾನೂ ಸೇನೆಯಿಂದ ಬಂದವನು. 17 ವರ್ಷ ಇದ್ದು, ಹವಾಲ್ದಾರ್ ಆಗಿ ಊರಿಗೆ ಮರಳಿದೆ. ಹಾಗಾಗಿ ಆ 28 ವರ್ಷ ಅನ್ನುವುದು ನನಗೆ ಬರೀ ಲೆಕ್ಕವಾಗಿ ಕಾಣುವುದಿಲ್ಲ. ಅಧಿಕಾರಿಗಳಿಗೆ ಪಿಂಚಣಿ ಸಿಗಬೇಕೆಂದರೆ 20 ವರ್ಷ ಸೇವೆ ಆಗಬೇಕು. ಎಂಟು ವರ್ಷಕ್ಕೆ ಬಿಟ್ಟು ಬಂದವರಿಗೆ ಅದು ಇರುವುದಿಲ್ಲ. ನಾನು ಅಧಿಕಾರಿಯಲ್ಲ, ಜವಾನ; ನನಗೆ 17 ವರ್ಷಕ್ಕೇ ಪಿಂಚಣಿ ಸಿಕ್ಕಿತು, ಮಳೆ ಕೈಕೊಟ್ಟ ವರ್ಷವೂ ಒಂದನೇ ತಾರೀಖು ಬ್ಯಾಂಕಿಗೆ ದುಡ್ಡು ಬೀಳುತ್ತಿತ್ತು. ಆ ಧೈರ್ಯದ ಮೇಲೇ ತೆಂಗು ಇಟ್ಟೆ. ಅದೂ ಇಲ್ಲದೆ ಬೇಸಾಯಕ್ಕೆ ಇಳಿಯುವುದು ಏನು ಅಂತ ನಮ್ಮಂಥವರಿಗೆ ಚೆನ್ನಾಗಿ ಗೊತ್ತು.

ಇನ್ನು ಅವರು ಬೇಸಾಯಕ್ಕೆ ಇಳಿದದ್ದು ಎಂಥ ಭೂಮಿಯಲ್ಲಿ? ಹೇಮಾವತಿ ಅಣೆಕಟ್ಟು ಮುಗಿದದ್ದು 1979ರಲ್ಲಿ. 37 ಟಿಎಂಸಿ ನೀರು ನಿಲ್ಲಬೇಕಾದರೆ ಜಾಗ ಬೇಕಲ್ಲ, ಹೊಳೆ ದಂಡೆಯ ಊರುಗಳು, ಗದ್ದೆಗಳು ಮುಳುಗಿದವು. ಗೋಪಿನಾಥ್ ಅವರ ಮನೆಯವರ ಜಮೀನೂ ಅದರಲ್ಲಿ ಹೋಯಿತು. ಬದಲಿಗೆ ಸಿಕ್ಕಿದ್ದು ಜಾವಗಲ್ ಹತ್ತಿರದ ಒಣ ಭೂಮಿ.

ನಮ್ಮ ಜಿಲ್ಲೆಯನ್ನು ನೋಡದವರಿಗೆ ಇದರ ಕಷ್ಟ ತಿಳಿಯಲಿಕ್ಕಿಲ್ಲ. ಗೊರೂರು ಮಲೆನಾಡಿನ ಅಂಚು. ಹೊಳೆ ಇದೆ, ಭತ್ತ ಇದೆ. ಜಾವಗಲ್ ನಮ್ಮ ಅರಸೀಕೆರೆ ತಾಲ್ಲೂಕು, ಬಯಲುಸೀಮೆ. ಇಲ್ಲಿ ರಾಗಿ, ಹುರುಳಿ, ಆಕಾಶ ನೋಡುವ ಬೇಸಾಯ. ಒಂದೇ ಜಿಲ್ಲೆ, ಬಸ್ಸಿನಲ್ಲಿ ಹೆಚ್ಚು ಹೊತ್ತೇನೂ ಬೇಡ. ಆದರೆ ಗದ್ದೆಯವನಿಗೆ ಹೊಲ ಕೊಟ್ಟರೆ ಅವನು ಕಲಿತ ವಿದ್ಯೆಯೆಲ್ಲ ಅಲ್ಲಿಗೇ ಮುಗಿದ ಹಾಗೆ.

ನನ್ನ ತಾಯಿಯ ತವರೂ ಮುಳುಗಡೆಯಲ್ಲಿ ಹೋಯಿತು. ನಮ್ಮ ಅಜ್ಜನಿಗೂ ಬದಲಿ ಭೂಮಿಯ ಕಾಗದ ಬಂತು. ಭೂಮಿ ಎಲ್ಲಿದೆ ಅಂತ ತೋರಿಸುವವರು ಮಾತ್ರ ಬರಲಿಲ್ಲ. ಒಂದು ಕಚೇರಿಯಿಂದ ಇನ್ನೊಂದಕ್ಕೆ ಅಲೆದು ಅಲೆದು, ಕೊನೆಗೆ ತೋರಿಸಿದಾಗ ಅದು ಲಂಟಾನ, ಕಲ್ಲು ತುಂಬಿದ ದಿಣ್ಣೆ. ಅಜ್ಜ ಎರಡು ಮಳೆಗಾಲ ನೋಡಿದರು. ಮೂರನೆಯದಕ್ಕೆ ಸಿಕ್ಕ ಬೆಲೆಗೆ ಮಾರಿಬಿಟ್ಟರು. ಅವರನ್ನು ನಾನು ದೂರುವುದಿಲ್ಲ. ಅಂಥ ಸಾಕಷ್ಟು ಜನ ಮಾರಿದರು.

ಅಂಥದೇ ಭೂಮಿಯಲ್ಲಿ ಈ ಮಾಜಿ ಕ್ಯಾಪ್ಟನ್ ಟೆಂಟ್ ಹಾಕಿಕೊಂಡು ಕೂತರು. ಕರೆಂಟಿಲ್ಲ, ಮನೆಯಿಲ್ಲ. ತೆಂಗಿನ ಸಸಿ ನೆಟ್ಟರು. ಹಸು ಕಟ್ಟಿದರು, ಕೋಳಿ ಸಾಕಿದರು. ತೆಂಗು ಅಂದರೆ ನಾಟಿ ತಳಿ ಫಲ ಬಿಡಲು ಆರೇಳು ವರ್ಷ ಬೇಕು. ಅಷ್ಟು ದಿನ ಹೊಟ್ಟೆಗೆ ಬೇರೆ ದಾರಿ ಬೇಕು. ಹೊರಗಿನಿಂದ ನೋಡಿದವರಿಗೆ ಅವರು ಹತ್ತು ಕೆಲಸಕ್ಕೆ ಕೈ ಹಾಕಿದ ಹಾಗೆ ಕಾಣಬಹುದು. ಬಯಲುಸೀಮೆಯ ರೈತನಿಗೆ ಅದು ಸಹಜ. ಒಂದು ಹೋದರೆ ಇನ್ನೊಂದು ಕೈ ಹಿಡಿಯಬೇಕು.

ರೇಷ್ಮೆ ಅವರ ಕೈ ಹಿಡಿಯಿತು. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಯಾಕೆಂದರೆ ಅವರ ಬಗ್ಗೆ ಬರೆಯುವವರು "ರೇಷ್ಮೆ ಕೃಷಿಯನ್ನೂ ಮಾಡಿದ್ದರು" ಅಂತ ಒಂದೇ ಸಾಲಿನಲ್ಲಿ ಮುಗಿಸುತ್ತಾರೆ. ನಮ್ಮ ಮನೆಯಲ್ಲೂ ಕೆಲವು ವರ್ಷ ಹುಳು ಸಾಕಿದ್ದೆವು. ನಾಲ್ಕು ಜ್ವರ (ಅಂದರೆ ಹುಳು ಪೊರೆ ಬಿಡುವ ಹಂತ) ದಾಟಿ ಹುಳು ಹಣ್ಣಾಗಿ ಗೂಡು ಕಟ್ಟಲು ಸಿದ್ಧವಾಗುವವರೆಗೆ ಮನೆಯವರಿಗೆ ನಿದ್ದೆಯಿಲ್ಲ. ಕೊನೇ ವಾರದಲ್ಲಿ ಎಷ್ಟು ಸೊಪ್ಪು ಹಾಕಿದರೂ ಸಾಲದು. ಹಾಲು ರೋಗ ಬಂದರೆ ಒಂದು ಬೆಳೆಯೇ ಹೋಯಿತು. 1980ರಲ್ಲಿ ರೇಷ್ಮೆ ಹುಳುವಿನ ಮೇಲೆ ಮೊಟ್ಟೆಯಿಟ್ಟು ಅದನ್ನು ಕೊಲ್ಲುವ ಊಜಿ ನೊಣ ಕರ್ನಾಟಕಕ್ಕೆ ಬಂದ ಮೇಲಂತೂ ಕಷ್ಟ ಇನ್ನೂ ಜಾಸ್ತಿಯಾಯಿತು. ಸೊಪ್ಪಿಗೆ ಔಷಧಿ ಹೊಡೆದರೆ ಅದನ್ನು ತಿಂದ ಹುಳು ಸಾಯುತ್ತದೆ. ಗೊಬ್ಬರ, ಹುಳು ಮನೆ, ಹುಳು ಗೂಡು ಕಟ್ಟುವ ಚಂದ್ರಿಕೆ ಅಂತ ಖರ್ಚು ಏರುತ್ತಾ ಹೋದರೆ, ಗೂಡಿನ ರೇಟು ಬಿದ್ದ ದಿನ ಸಾಲ ಮಾತ್ರ ಉಳಿಯುತ್ತದೆ. ಈ ಸುಳಿಯಲ್ಲಿ ಸಿಕ್ಕಿ ಎಷ್ಟೋ ಜನ ಹಿಪ್ಪುನೇರಳೆಯನ್ನೇ ಕಿತ್ತು ಹಾಕಿದರು.

ಗೋಪಿನಾಥ್ ಪ್ರಕೃತಿಗೆ ಹೊಂದಿಕೊಂಡು, ಖರ್ಚು ಇಳಿಸಿ ರೇಷ್ಮೆ ಬೆಳೆಯುವ ದಾರಿ ಹುಡುಕಿದರು. ಅದಕ್ಕೇ 1996ರಲ್ಲಿ ಅವರಿಗೆ ಸ್ವಿಟ್ಜರ್ಲೆಂಡಿನ ಗಡಿಯಾರ ಕಂಪನಿ ಕೊಡುವ ರೋಲೆಕ್ಸ್ ಪ್ರಶಸ್ತಿ ಬಂತು. ಇಸವಿ ಗಮನಿಸಿ. ಅವರ ಹೆಲಿಕಾಪ್ಟರ್ ಕಂಪನಿ ಶುರುವಾದದ್ದು 1997ರಲ್ಲಿ, ಏರ್ ಡೆಕ್ಕನ್ 2003ರಲ್ಲಿ. ಅಂದರೆ ಹೊರದೇಶದವರು ಮೊದಲು ಗುರುತಿಸಿದ್ದು ನಮ್ಮ ತಾಲ್ಲೂಕಿನ ಹೊಲದಲ್ಲಿ ಕೆಲಸ ಮಾಡಿದ ರೈತನನ್ನು. ನಾವು ಮಾತ್ರ ಅದನ್ನೇ ಮರೆತಿದ್ದೇವೆ. ಅವರ ಬದುಕನ್ನು ಆಧರಿಸಿ ತಮಿಳಿನಲ್ಲಿ ಸಿನಿಮಾ ಬಂದಾಗ ಊರಿನ ಹುಡುಗರ ಜೊತೆ ಕೂತು ನೋಡಿದೆ. ಕಥೆ ಮಧುರೈ ಕಡೆಗೆ ಹೋಗಿತ್ತು. ಸಿನಿಮಾ ಚೆನ್ನಾಗಿತ್ತು, ಆದರೆ ತೋಟ ಇರಲಿಲ್ಲ, ಹೇಮಾವತಿ ಇರಲಿಲ್ಲ. ಸಿನಿಮಾದವರು ತಮಗೆ ಬೇಕಾದ ಕಥೆ ಹೇಳಿದರು, ಅದು ತಪ್ಪಲ್ಲ. ನಮ್ಮ ಕಥೆಯನ್ನು ನಾವು ಹೇಳಬೇಕಿತ್ತು, ಅಲ್ವಾ?

ಇನ್ನೊಂದು ಮಾತು. ತೋಟ ಮಾಡಿದವರು ಒಬ್ಬರೇ ಅಂತ ಬರೆಯುವುದೂ ಸರಿಯಲ್ಲ. ಅವರ ಹೆಂಡತಿ ಭಾರ್ಗವಿ ಅವರು ಮದುವೆಯಾಗಿ ಬಂದದ್ದು ಆ ತೋಟದ ಬದುಕಿಗೆ. ಇಬ್ಬರು ಹೆಣ್ಣು ಮಕ್ಕಳ ತಾಯಿ. ಮುಂದೆ ಬೆಂಗಳೂರಿನಲ್ಲಿ ತಾವೇ ಬೇಕರಿ ಕಟ್ಟಿ ನಡೆಸಿದರು. ನಮ್ಮ ಹಾಸನ ಜಿಲ್ಲೆಯಿಂದ ಹೋದ ಅಯ್ಯಂಗಾರರು ಬೇಕರಿಗೆ ಹೆಸರಾದವರು, ಆ ಸಾಲಿಗೆ ಅವರನ್ನೂ ಸೇರಿಸಬಹುದು. ಸೈನಿಕನ ಹೆಂಡತಿ, ರೈತನ ಹೆಂಡತಿ ಅಂತ ಹೇಳಿ ಸುಮ್ನೆ ಮುಂದೆ ಹೋಗಿಬಿಡುತ್ತೇವೆ. ನಮ್ಮ ಮನೆಯಲ್ಲಿ ಹುಳುವಿಗೆ ರಾತ್ರಿ ಸೊಪ್ಪು ಹಾಕಲು ಏಳುತ್ತಿದ್ದವಳು ನನ್ನ ಹೆಂಡತಿ. ನಾನು ಆಗ ಗಡಿಯಲ್ಲಿದ್ದೆ. ರಜೆಗೆ ಬಂದಾಗ ಅವಳ ಕೈಗೆ ಸೊಪ್ಪಿನ ಕಲೆ ಅಂಟಿಕೊಂಡಿರುತ್ತಿತ್ತು. ಭಾರ್ಗವಿ ಅವರ ಆ ವರ್ಷಗಳ ಬಗ್ಗೆ ಅವರ ಬಾಯಿಂದಲೇ ಕೇಳಿ ಒಂದು ಪುಟ ಬರೆದರೆ, ನಮ್ಮ ಹೆಣ್ಣುಮಕ್ಕಳು ಅದನ್ನು ವಿಮಾನದ ಕಥೆಗಿಂತ ಹೆಚ್ಚು ಆಸೆಯಿಂದ ಓದುತ್ತಾರೆ.

ಇದೆಲ್ಲ ಈಗ ಯಾಕೆ ಅಂತ ನೀವು ಕೇಳಬಹುದು. ನಮ್ಮ ಕಡೆಯಿಂದ ಸೇನೆಗೆ ಹೋದ ಹುಡುಗರು 35, 38 ವರ್ಷಕ್ಕೆ ವಾಪಸ್ ಬರುತ್ತಿದ್ದಾರೆ. ಮೈಯಲ್ಲಿ ಶಕ್ತಿ ಇದೆ, ಶಿಸ್ತು ಇದೆ. ಬಂದ ಕೂಡಲೇ ಬೆಂಗಳೂರಿಗೆ ಹೋಗಿ ಅಪಾರ್ಟ್‌ಮೆಂಟ್ ಗೇಟಿನಲ್ಲಿ ಸೆಕ್ಯೂರಿಟಿ ಕೆಲಸಕ್ಕೆ ನಿಲ್ಲುತ್ತಾರೆ. ಆ ಕೆಲಸವನ್ನು ಕೀಳು ಅಂತ ನಾನು ಹೇಳುತ್ತಿಲ್ಲ. ಆದರೆ ಅಪ್ಪನ ಮೂರು ಎಕರೆ ಪಾಳು ಬಿದ್ದಿರುತ್ತದೆ. ಅವರಿಗೆ ಏರ್‌ಲೈನ್ ಕಟ್ಟಿ ಅಂದರೆ ನಗುತ್ತಾರೆ. ಟೆಂಟ್ ಹಾಕಿ ತೆಂಗು ನೆಟ್ಟ ಕಥೆ ಹೇಳಿದರೆ ಕೂತು ಕೇಳುತ್ತಾರೆ. ಹೋದ ವರ್ಷ ಸೇನೆಯಲ್ಲಿ ನಾಯಕ್ ದರ್ಜೆಯಲ್ಲಿದ್ದು ನಮ್ಮೂರಿಗೆ ಬಂದ ಒಬ್ಬ, ಈ ಕಥೆ ಕೇಳಿದ ಮೇಲೆ ನನ್ನ ಹತ್ತಿರ 40 ತೆಂಗಿನ ಸಸಿ ತೆಗೆದುಕೊಂಡು ಹೋಗಿದ್ದಾನೆ. ಗುಂಡಿ ತೆಗೆಯುವಾಗ ನಾನೂ ಜೊತೆಗಿದ್ದೆ.

ಆದ್ದರಿಂದ ನನ್ನ ಕೋರಿಕೆ ಇಷ್ಟೇ. ಗೋಪಿನಾಥ್ ಅವರ ತೋಟದ ವರ್ಷಗಳ ಬಗ್ಗೆ ವಿವರವಾಗಿ ಬರೆಸಿ. ಅದರ ಜೊತೆಗೆ, ಹೇಮಾವತಿ ಮುಳುಗಡೆಯಿಂದ ಎದ್ದು ಬಯಲಿಗೆ ಬಂದು ಭೂಮಿ ಹದ ಮಾಡಿದ ಉಳಿದ ಮನೆಗಳ ಕಥೆಯನ್ನೂ ಬರೆಸಿ. ಅವರಿಗೆ ಯಾವ ಪ್ರಶಸ್ತಿಯೂ ಬರಲಿಲ್ಲ. ಆಗ 30 ವರ್ಷ ಇದ್ದವರಿಗೆ ಈಗ 75 ದಾಟಿದೆ. ಇನ್ನು ಹೆಚ್ಚು ದಿನ ಕಾಯುವ ಹಾಗಿಲ್ಲ.

ನನ್ನ ಸೋದರಮಾವ ಇನ್ನೂ ಗಟ್ಟಿಯಾಗಿದ್ದಾರೆ. ಬೇಸಿಗೆಯಲ್ಲಿ ಹಿನ್ನೀರು ಇಳಿದಾಗ ಪ್ರತಿವರ್ಷ ಅಲ್ಲಿಗೆ ಕರೆದುಕೊಂಡು ಹೋಗು ಅನ್ನುತ್ತಾರೆ. ಇಲ್ಲಿ ನಮ್ಮ ಕಣ, ಅಲ್ಲಿ ಬಾವಿ, ಆ ಕಡೆ ನಿಮ್ಮಮ್ಮ ಎಮ್ಮೆ ಮೇಯಿಸುತ್ತಿದ್ದಳು ಅಂತ ಕೋಲಿನಲ್ಲಿ ತೋರಿಸುತ್ತಾರೆ. ನಿಮ್ಮ ವರದಿಗಾರರು ಬರುವುದಾದರೆ ಏಪ್ರಿಲ್ ಹೊತ್ತಿಗೆ ಬರಲಿ. ಆಗ ನೀರು ಕೆಳಗಿರುತ್ತದೆ. ಮಾವನನ್ನು ನಾನೇ ಕರೆದುಕೊಂಡು ಬರುತ್ತೇನೆ.

ಇಂತಿ ನಿಮ್ಮ ಓದುಗ,
ಒಬ್ಬ ಮಾಜಿ ಸೈನಿಕ, ಅರಸೀಕೆರೆ ತಾಲ್ಲೂಕು