ಆರು-ಏಳನೇ ತಿಂಗಳ ಶುಗರ್ ಟೆಸ್ಟ್ ಯಾರಿಗೂ ತಪ್ಪದಿರಲಿ: ಕೊಡಗು ಜಿಲ್ಲಾ ಆರೋಗ್ಯಾಧಿಕಾರಿಗಳಿಗೆ ಬಹಿರಂಗ ಪತ್ರ

ಮಾನ್ಯ ಜಿಲ್ಲಾ ಆರೋಗ್ಯ ಮತ್ತು ಕುಟುಂಬ ಕಲ್ಯಾಣಾಧಿಕಾರಿಗಳಿಗೆ,

ನಮಸ್ಕಾರ.

ಮಳೆ ಹಿಡಿಯುವ ಮುಂಚೆ ನಿಮ್ಮಲ್ಲಿ ಒಂದು ಕೋರಿಕೆ ಇಡಬೇಕು ಅನಿಸಿತು. ಬಸುರಿಯಲ್ಲಿ ಕಾಣಿಸಿಕೊಳ್ಳುವ ಸಕ್ಕರೆ ಕಾಯಿಲೆ ಪತ್ತೆ ಮಾಡಲು ನಮ್ಮ ಜಿಲ್ಲೆಯ ಪ್ರತಿಯೊಬ್ಬ ಗರ್ಭಿಣಿಗೂ ಗ್ಲೂಕೋಸ್ ಕುಡಿಸಿ ಮಾಡುವ ಶುಗರ್ ಟೆಸ್ಟ್ ಎರಡು ಸಲ ಆಗಬೇಕು. ಮೊದಲನೆಯದು ತಾಯಿ ಕಾರ್ಡ್ ಮಾಡಿಸಲು ಬಂದಾಗ. ಅದರಲ್ಲಿ ಏನೂ ಕಾಣದಿದ್ದರೆ ಎರಡನೆಯದು 24ರಿಂದ 28ನೇ ವಾರದ ಒಳಗೆ. ಇದು ನನ್ನ ಹೊಸ ಬೇಡಿಕೆಯೇನಲ್ಲ. ಕೇಂದ್ರ ಆರೋಗ್ಯ ಸಚಿವಾಲಯದ 2018ರ ಮಾರ್ಗಸೂಚಿಯಲ್ಲೇ ಇದೆ, ನಿಮಗೆ ಗೊತ್ತೇ ಇದೆ. ಆದರೆ ಕೊಡಗಿನಲ್ಲಿ ಆ ಎರಡನೇ ಟೆಸ್ಟ್ ತಪ್ಪಿಹೋಗಲು ಕಾರಣಗಳು ಬಹಳ. ಅವನ್ನು ನಿಮ್ಮ ಗಮನಕ್ಕೆ ತರೋಣ ಅಂತ ಬರೆಯುತ್ತಿದ್ದೇನೆ.

ನಾನು ವಿರಾಜಪೇಟೆ ತಾಲ್ಲೂಕಿನ ಒಂದು ಹಳ್ಳಿ ಶಾಲೆಯಲ್ಲಿ ಟೀಚರ್. ನನ್ನ ತಂಗಿ ಬಸುರಿಯಾಗಿದ್ದಾಗ ಐದನೇ ತಿಂಗಳಲ್ಲಿ ಖಾಲಿ ಹೊಟ್ಟೆಯಲ್ಲಿ ರಕ್ತ ತೆಗೆದು ನೋಡಿದರು. 86 ಬಂತು. "ಶುಗರ್ ಏನೂ ಇಲ್ಲಮ್ಮ" ಅಂದರು. ನಮಗೂ ಸಮಾಧಾನ ಆಯಿತು. ಗ್ಲೂಕೋಸ್ ಕುಡಿಸುವ ಟೆಸ್ಟಿನ ಮಾತೇ ಬರಲಿಲ್ಲ. ಎಂಟು ತುಂಬುವ ಹೊತ್ತಿಗೆ ಹೊಟ್ಟೆ ಎಷ್ಟು ದೊಡ್ಡದಾಗಿ ಕಾಣುತ್ತಿತ್ತೆಂದರೆ ಅಕ್ಕಪಕ್ಕದವರು "ಅವಳಿ ಇರಬೇಕು" ಅನ್ನುತ್ತಿದ್ದರು. ಸ್ಕ್ಯಾನಿಂಗ್ ಮಾಡಿಸಿದರೆ ನೀರು ಜಾಸ್ತಿ, ಮಗುವಿನ ತೂಕವೂ ಜಾಸ್ತಿ. ಊಟವಾಗಿ ಎರಡು ಗಂಟೆಗೆ ಶುಗರ್ ನೋಡಿದಾಗ 214. ಅಲ್ಲಿಂದ ಮೈಸೂರಿಗೆ ಓಡಿದೆವು. ಆಪರೇಷನ್ ಆಯಿತು. ಮಗು ನಾಲ್ಕು ಕೆ.ಜಿ.ಗಿಂತ ಜಾಸ್ತಿ ಇತ್ತು, ನೋಡಲು ಗುಂಡುಗುಂಡಾಗಿತ್ತು, ಆದರೆ ಹುಟ್ಟಿದ ಸ್ವಲ್ಪ ಹೊತ್ತಿಗೇ ಅದರ ಶುಗರ್ ಇಳಿದುಹೋಗಿ ಐಸಿಯುಗೆ ಹಾಕಬೇಕಾಯಿತು. ಈಗ ಇಬ್ಬರೂ ಚೆನ್ನಾಗಿದ್ದಾರೆ. ಅವಳನ್ನು ಮೊದಲು ನೋಡಿದ ಕಡೆ ಆ ತಿಂಗಳು ಗ್ಲೂಕೋಸ್ ಪ್ಯಾಕೆಟ್ಟೇ ಬಂದಿರಲಿಲ್ಲ ಅಂತ ಆಮೇಲೆ ತಿಳಿಯಿತು. ಅಲ್ಲಿನ ಸಿಸ್ಟರ್ ಒಳ್ಳೆಯವರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಪ್ಯಾಕೆಟ್ ಇಲ್ಲದಿದ್ದರೆ ಅವರಾದರೂ ಏನು ಮಾಡಬೇಕು?

ಅವತ್ತಿನಿಂದ ಈ ವಿಷಯ ನನ್ನನ್ನು ಬಿಟ್ಟಿಲ್ಲ. ಓದಿದೆ, ಗೊತ್ತಿರುವ ಡಾಕ್ಟರುಗಳನ್ನು ಕೇಳಿದೆ. ಬಸುರಿ ದಿನ ತುಂಬುತ್ತಾ ಹೋದ ಹಾಗೆ ಮಾಸಿನಿಂದ (ಪ್ಲಾಸೆಂಟಾ) ಬರುವ ಹಾರ್ಮೋನುಗಳು ತಾಯಿಯ ಇನ್ಸುಲಿನ್ ಕೆಲಸಕ್ಕೆ ಅಡ್ಡ ಬರುತ್ತವೆ. ಎಲ್ಲರಿಗೂ ಹೀಗೇ. ಹೆಚ್ಚಿನವರ ದೇಹ ಇನ್ನಷ್ಟು ಇನ್ಸುಲಿನ್ ಮಾಡಿಕೊಂಡು ಸರಿತೂಗಿಸುತ್ತದೆ. ಕೆಲವರಿಗೆ ಅದು ಸಾಲುವುದಿಲ್ಲ, ಸಕ್ಕರೆ ಏರುತ್ತದೆ. ಆ ಸಕ್ಕರೆ ಮಾಸನ್ನು ದಾಟಿ ಮಗುವಿಗೆ ಹೋಗುತ್ತದೆ, ತಾಯಿಯ ಇನ್ಸುಲಿನ್ ಹೋಗುವುದಿಲ್ಲ. ಮಗು ತಾನೇ ಇನ್ಸುಲಿನ್ ಮಾಡಿಕೊಂಡು ದಪ್ಪವಾಗುತ್ತದೆ. ಹೊಕ್ಕುಳಬಳ್ಳಿ ಕತ್ತರಿಸಿದ ಮೇಲೆ ಸಕ್ಕರೆ ಬರುವುದು ನಿಂತರೂ ಇನ್ಸುಲಿನ್ ನಿಲ್ಲುವುದಿಲ್ಲ. ಅದಕ್ಕೇ ಮಗುವಿನ ಶುಗರ್ ಧಡಕ್ಕನೆ ಇಳಿಯುವುದು. ತಾಯಿಗೆ ಬಿಪಿ ಏರಬಹುದು, ಹೆರಿಗೆಯಲ್ಲಿ ಮಗುವಿನ ಭುಜ ಸಿಕ್ಕಿಕೊಳ್ಳಬಹುದು, ಹೊಟ್ಟೆಯಲ್ಲೇ ಮಗು ಹೋಗಿಬಿಡುವ ಅಪಾಯವೂ ಇದೆ. ಇಷ್ಟೆಲ್ಲ ಆಗುತ್ತಿದ್ದರೂ ತಾಯಿಗೆ ಸಾಮಾನ್ಯವಾಗಿ ಏನೂ ಗೊತ್ತಾಗುವುದಿಲ್ಲ. ಸುಸ್ತು, ಬಾಯಾರಿಕೆ, ಪದೇಪದೇ ಮೂತ್ರ ಎಲ್ಲ ಬಸುರಿಯರಿಗೂ ಇರುವುದೇ ಅಲ್ವಾ?

ಇದು ಅಪರೂಪದ್ದೂ ಅಲ್ಲ. ನಮ್ಮವರು ಮಿಷನ್ ಆಸ್ಪತ್ರೆ ಅಂತ ಕರೆಯುವ ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ 1997-98ರಲ್ಲಿ ಗರ್ಭಿಣಿಯರಿಗೆ ಗ್ಲೂಕೋಸ್ ಟೆಸ್ಟ್ ಮಾಡಿ ನೋಡಿದ್ದರು. ಆಗಲೇ ನೂರರಲ್ಲಿ ಸುಮಾರು ಆರು ಜನಕ್ಕೆ ಸಕ್ಕರೆ ಕಂಡಿತ್ತು. ಆ ಮಕ್ಕಳನ್ನು ವರ್ಷಗಟ್ಟಲೆ ಗಮನಿಸಿದಾಗ, ಸಕ್ಕರೆ ಇದ್ದ ತಾಯಂದಿರ ಮಕ್ಕಳಲ್ಲಿ ಮೈಕೊಬ್ಬು ಜಾಸ್ತಿ ಇರುವುದೂ ಗೊತ್ತಾಯಿತು.

ಸರ್ಕಾರ ಒಪ್ಪಿರುವ ಟೆಸ್ಟ್ ಕೊಡಗಿಗೆ ಹೇಳಿ ಮಾಡಿಸಿದ ಹಾಗಿದೆ. ಚೆನ್ನೈನ ಡಾ. ವಿ. ಶೇಷಯ್ಯ ಮತ್ತು ಅವರ ಜೊತೆಗಾರರು ಬಳಕೆಗೆ ತಂದ ವಿಧಾನ ಇದು. ಖಾಲಿ ಹೊಟ್ಟೆ ಬೇಡ. ತಿಂಡಿ ತಿಂದು ಬಂದರೂ ಆಗುತ್ತದೆ. 75 ಗ್ರಾಂ ಗ್ಲೂಕೋಸನ್ನು 300 ಮಿಲಿ ನೀರಿನಲ್ಲಿ ಕರಗಿಸಿ ಐದರಿಂದ ಹತ್ತು ನಿಮಿಷದಲ್ಲಿ ಕುಡಿಯಬೇಕು. ಎರಡು ಗಂಟೆ ಬಿಟ್ಟು ಒಂದೇ ಸಲ ರಕ್ತ ನೋಡುವುದು. 140 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಗರ್ಭಾವಸ್ಥೆಯ ಸಕ್ಕರೆ ಕಾಯಿಲೆ. ಸಿದ್ದಾಪುರ, ತಿತಿಮತಿ ಕಡೆ ಆನೆ ಭಯದಲ್ಲಿ ಬೆಳಕು ಹರಿಯುವ ಮುಂಚೆ ಮನೆ ಬಿಡುವ ಹಾಗಿಲ್ಲ. ಬಸ್ಸು ಬರುವುದೇ ತಡ. ಅಂಥ ಕಡೆಯ ಬಸುರಿಗೆ "ನಾಳೆ ಏನೂ ತಿನ್ನದೆ ಬಾ" ಅಂದರೆ ಅವಳು ಬರುವುದೇ ಇಲ್ಲ. ಬಂದರೂ ತಂಗಿಗೆ ಆದ ಹಾಗೆ ಖಾಲಿ ಹೊಟ್ಟೆಯದು ನಾರ್ಮಲ್ ಬಂದು, ಊಟದ ನಂತರದ್ದು ಯಾರ ಕಣ್ಣಿಗೂ ಬೀಳದೆ ಹೋಗಬಹುದು. ನಮ್ಮ ದೇಶದ ಹೆಂಗಸರಲ್ಲಿ ಹೀಗಾಗುವುದು ಸಾಮಾನ್ಯ ಅಂತ ಡಾಕ್ಟರುಗಳೇ ಹೇಳುತ್ತಾರೆ.

ಈ ಟೆಸ್ಟ್ ನಡೆಯುವುದನ್ನು ನಾನು ಒಂದು ಕಡೆ ಕೂತು ನೋಡಿದ್ದೇನೆ. ಸ್ಟೀಲ್ ಲೋಟದಲ್ಲಿ ಗ್ಲೂಕೋಸ್ ನೀರು. ಮೊದಲ ಗುಟುಕಿಗೇ ಹುಡುಗಿ ಮುಖ ಹಿಂಡಿದಳು. ಗಟಗಟ ಕುಡಿದರೆ ವಾಂತಿ ಬರುತ್ತದೆ, ನಿಧಾನಕ್ಕೆ ಕುಡಿ ಅಂತ ಸಿಸ್ಟರ್ ಪಕ್ಕದಲ್ಲೇ ಕೂತು ಹೇಳುತ್ತಿದ್ದರು. ಅರ್ಧ ಗಂಟೆಯೊಳಗೆ ವಾಂತಿಯಾದರೆ ಇನ್ನೊಂದು ದಿನ ಮಾಡಬೇಕು, ಆಮೇಲೆ ಆದರೆ ಮುಂದುವರಿಸಬಹುದು. ಕುಡಿದು ಮುಗಿಸಿದ ಸಮಯವನ್ನು ಅವಳ ತಾಯಿ ಕಾರ್ಡಿನ ಮೇಲೆ ಪೆನ್ಸಿಲ್‌ನಲ್ಲಿ ಬರೆದರು. ಎರಡು ಗಂಟೆ ಸುಮ್ನೆ ಕೂರಿಸಲಿಲ್ಲ. ತೂಕ, ಬಿಪಿ, ಹಿಮೋಗ್ಲೋಬಿನ್, ಹೊಟ್ಟೆ ಮುಟ್ಟಿ ನೋಡುವುದು ಎಲ್ಲ ಆ ಹೊತ್ತಿನಲ್ಲೇ ಮುಗಿಯಿತು. ಹೆಂಗಸರು ಬಂದ ತಕ್ಷಣ ಮೊದಲು ಗ್ಲೂಕೋಸ್, ಉಳಿದದ್ದು ಆಮೇಲೆ. ಇಷ್ಟೇ ಬದಲಾವಣೆ. ಪ್ರತಿ ತಿಂಗಳ 9ನೇ ತಾರೀಖಿನ ಗರ್ಭಿಣಿಯರ ತಪಾಸಣೆ ದಿನ ಎಲ್ಲ ಕಡೆ ಹೀಗೇ ನಡೆಸಿದರೆ ಮಧ್ಯಾಹ್ನದ ಬಸ್ಸಿಗೆ ಎಲ್ಲರೂ ಮನೆಗೆ ಹೋಗಬಹುದು.

ಈಗ ಆ ಎರಡನೇ ಟೆಸ್ಟಿನ ವಿಷಯ. 24ರಿಂದ 28ನೇ ವಾರ ಅಂದರೆ ಸರಿಯಾಗಿ ಸೀಮಂತ ಮಾಡಿ ತವರಿಗೆ ಕಳಿಸುವ ಹೊತ್ತು. ಕಾರ್ಡ್ ಆದದ್ದು ಸೋಮವಾರಪೇಟೆಯಲ್ಲಿ, ತವರು ಗೋಣಿಕೊಪ್ಪ ಅಂದುಕೊಳ್ಳಿ. ಇಲ್ಲಿಯ ಆಶಾ "ಅಲ್ಲಿ ಮಾಡಿಸುತ್ತಾರೆ" ಅಂದುಕೊಳ್ಳುತ್ತಾರೆ. ಅಲ್ಲಿಯವರು "ಆಗಲೇ ಮಾಡಿಸಿರಬೇಕು" ಅಂದುಕೊಳ್ಳುತ್ತಾರೆ. ತವರು ಕೇರಳದ ಗಡಿಯಾಚೆ ಇದ್ದರಂತೂ ಕೇಳುವವರೇ ಇಲ್ಲ. ತಾಯಿ ಕಾರ್ಡಿನಲ್ಲಿ ಎರಡು ಟೆಸ್ಟಿನ ದಿನ ಮತ್ತು ಅಂಕಿ ಎದ್ದು ಕಾಣುವ ಹಾಗೆ ಬರೆಯಲಿ. ಎರಡನೆಯದು ಖಾಲಿ ಇದ್ದರೆ ಆ ಹೆಂಗಸು ಯಾವ ಊರಿನವಳಾದರೂ ಸರಿ, ಎದುರಿಗಿರುವವರೇ ಮಾಡಬೇಕು. 28 ವಾರ ದಾಟಿ ಮೊದಲ ಸಲ ಬಂದವರಿಗೂ ಬಂದ ದಿನವೇ ಆಗಬೇಕು.

ಮಳೆಯದು ಇನ್ನೊಂದು ಕಥೆ. ಜನವರಿಯಲ್ಲಿ ಕೊನೆಯ ಸಲ ಮುಟ್ಟಾದವರಿಗೆ ಈ ವಾರಗಳು ಬೀಳುವುದು ಜೂನ್ ಕೊನೆ, ಜುಲೈನಲ್ಲಿ. ಭಾಗಮಂಡಲ, ನಾಪೋಕ್ಲು ಕಡೆ ರಸ್ತೆ ಮೇಲೆ ಕಾವೇರಿ ನೀರು ನಿಂತಿರುವಾಗ, ಗುಡ್ಡದ ಬರೆ ಎಲ್ಲಿ ಜಾರುತ್ತದೋ ಅನ್ನುವ ಹೆದರಿಕೆಯಲ್ಲಿ ಇರುವಾಗ, ಹೊಟ್ಟೆ ಹೊತ್ತವಳು ಟೆಸ್ಟಿಗಾಗಿ ಯಾಕೆ ಬರುತ್ತಾಳೆ? ಜೂನ್‌ನಿಂದ ಆಗಸ್ಟ್‌ವರೆಗೆ ಯಾರ್ಯಾರಿಗೆ 24 ವಾರ ತುಂಬುತ್ತದೆ ಅನ್ನುವುದು ನಿಮ್ಮ ಇಲಾಖೆಯ ರಿಜಿಸ್ಟರಿನಲ್ಲಿ ಮೇ ತಿಂಗಳಲ್ಲೇ ಸಿಗುತ್ತದೆ. ಆ ಪಟ್ಟಿ ಹಿಡಿದು ಉಪಕೇಂದ್ರಗಳಿಗೆ ಗ್ಲೂಕೋಸ್ ಪ್ಯಾಕೆಟ್, ಸ್ಟ್ರಿಪ್, ಸರಿಯಾಗಿ ಪರೀಕ್ಷಿಸಿದ ಗ್ಲುಕೋಮೀಟರ್ ಮೊದಲೇ ತಲುಪಿಸಿದರೆ ಅಲ್ಲಿನ ಸಮುದಾಯ ಆರೋಗ್ಯ ಅಧಿಕಾರಿ (ಸಿಎಚ್‌ಒ) ಅಲ್ಲೇ ಮಾಡಿಬಿಡುತ್ತಾರೆ.

ತೋಟದ ಕೂಲಿಯವರು ಇರುವ ಲೈನ್‌ಮನೆಗಳಲ್ಲಿ ಕಷ್ಟ ಬರುವುದು ಬೇಸಿಗೆಯ ಮುಂಚಿನ ತಿಂಗಳುಗಳಲ್ಲಿ. ಡಿಸೆಂಬರ್‌ನಿಂದ ಕಾಫಿ ಕೊಯ್ಲು. ಒಂದು ದಿನ ಆಸ್ಪತ್ರೆಗೆ ಹೋದರೆ ಒಂದು ದಿನದ ಕೂಲಿ ಹೋಯಿತು. ಅಸ್ಸಾಂನಿಂದ ಬಂದ ಕುಟುಂಬಗಳು ಒಂದು ತೋಟದಿಂದ ಇನ್ನೊಂದಕ್ಕೆ ಹೋಗುತ್ತಿರುತ್ತವೆ. ಕೆಲವರ ಹತ್ತಿರ ತಾಯಿ ಕಾರ್ಡೂ ಇರುವುದಿಲ್ಲ. ಹಾಡಿಯ (ಬುಡಕಟ್ಟು ಜನರ ವಸತಿ) ಯರವ, ಜೇನು ಕುರುಬ ಹೆಂಗಸರಿಗೆ ಆಸ್ಪತ್ರೆಯ ಬಾಗಿಲಲ್ಲಿ ನಿಂತು ಕೇಳುವುದೇ ಸಂಕೋಚ. ಇಂಥವರಿಗೆ ಬೆಳಗ್ಗೆ ಕೆಲಸಕ್ಕೆ ಜೀಪು ಹತ್ತುವ ಜಾಗದಲ್ಲೇ, ಇಲ್ಲವೇ ಹಾಡಿಯ ಅಂಗನವಾಡಿಯಲ್ಲೇ ಟೆಸ್ಟ್ ಮಾಡಬಹುದು. ಆ ಎರಡು ಗಂಟೆಯ ಕೂಲಿ ಹಿಡಿಯಬೇಡಿ ಅಂತ ತೋಟದ ಮಾಲೀಕರಿಗೂ ಕೆಲಸ ನೋಡಿಕೊಳ್ಳುವ ರೈಟರ್‌ಗಳಿಗೂ ನೀವೇ ಒಂದು ಪತ್ರ ಬರೆದರೆ ತೂಕ ಇರುತ್ತದೆ. ನಮ್ಮ ಜಿಲ್ಲೆಯ ಎಷ್ಟೋ ತೋಟದವರು ಇಂಥ ಮಾತಿಗೆ ಇಲ್ಲ ಅನ್ನುವವರಲ್ಲ.

ಸಕ್ಕರೆ ಇದೆ ಅಂತ ಗೊತ್ತಾದ ಮೇಲೆ ಏನು? ಹೆಚ್ಚಿನವರಿಗೆ ಊಟ ಸರಿಮಾಡಿ, ಸ್ವಲ್ಪ ನಡೆದಾಡಿದರೆ ಸಾಕಾಗುತ್ತದೆ. ಎರಡು ವಾರ ಹಾಗೆ ಮಾಡಿ ನೋಡಿ, ಊಟವಾದ ಎರಡು ಗಂಟೆಗೆ 120ಕ್ಕಿಂತ ಕೆಳಗೆ ಬರದಿದ್ದರೆ ಮಾತ್ರೆ ಅಥವಾ ಇನ್ಸುಲಿನ್. ತೊಂದರೆ ಇರುವುದು ಊಟದ ಸಲಹೆಯಲ್ಲಿ. ತಂಗಿಗೆ ಕೊಟ್ಟ ಅಚ್ಚು ಹಾಕಿದ ಕಾಗದದಲ್ಲಿ ಓಟ್ಸ್, ಬ್ರೌನ್ ಬ್ರೆಡ್, ಸೇಬು ಇತ್ತು. ನಮ್ಮ ಮನೆಯಲ್ಲಿ ಬೆಳಗ್ಗೆ ಅಕ್ಕಿ ರೊಟ್ಟಿ, ಮಧ್ಯಾಹ್ನ ಅನ್ನ, ರಾತ್ರಿ ಅನ್ನ, ಹಬ್ಬಕ್ಕೆ ಕಡಂಬುಟ್ಟು, ನಡುನಡುವೆ ಬೆಲ್ಲದ ಕಾಫಿ. ಆ ಕಾಗದ ನೋಡಿ ಅವಳು ಅನ್ನ ಪೂರ್ತಿ ಬಿಟ್ಟಳು, ರಾತ್ರಿ ಉಪವಾಸ ಮಲಗಿದಳು. ಬಸುರಿ ಹೊಟ್ಟೆ ಹಸಿದುಕೊಂಡಿರುವುದು ತಾಯಿಗೂ ಮಗುವಿಗೂ ಒಳ್ಳೆಯದಲ್ಲ.

ನಮ್ಮ ಅಡುಗೆ ಮನೆಗೆ ಹೊಂದುವ ಮಾತು ಹೇಳಲಿ. ಮೂರು ರೊಟ್ಟಿ ತಿನ್ನುವವಳು ಒಂದು ತಿನ್ನಲಿ, ಜೊತೆಗೆ ಮೊಟ್ಟೆ, ಸೊಪ್ಪಿನ ಪಲ್ಯ ಜಾಸ್ತಿ ಇರಲಿ. ಉಳಿದದ್ದನ್ನು ಹನ್ನೊಂದು ಗಂಟೆಗೆ ತಿನ್ನಲಿ. ಅನ್ನ ಒಂದು ಅಳತೆ ಬಟ್ಟಲಿಗೆ ನಿಲ್ಲಲಿ, ಹುರುಳಿ ಸಾರು, ಮತ್ತಿ ಮೀನು, ಕಣಿಲೆ (ಎಳೆ ಬಿದಿರು) ಪಲ್ಯ ತಟ್ಟೆ ತುಂಬಲಿ. ಕಣಿಲೆ ಮಾತ್ರ ನಾವು ಯಾವಾಗಲೂ ಮಾಡುವ ಹಾಗೆ ನೀರಲ್ಲಿ ನೆನೆಸಿ, ನೀರು ಚೆಲ್ಲಿ, ಚೆನ್ನಾಗಿ ಬೇಯಿಸಿದ್ದಾಗಿರಬೇಕು. ಕಾಫಿಗೆ ಬೆಲ್ಲ ಬೇಡ. ಬೆಲ್ಲ, ಜೇನುತುಪ್ಪ ಸಕ್ಕರೆಗಿಂತ ವಾಸಿ ಅಂತ ನಮ್ಮಲ್ಲಿ ಬಹಳ ಜನ ನಂಬಿದ್ದಾರೆ, ರಕ್ತದ ಶುಗರ್‌ಗೆ ಎರಡೂ ಒಂದೇ ಅಂತ ಬಿಡಿಸಿ ಹೇಳಬೇಕು. ಅಂಗನವಾಡಿಯ ಮಾತೃಪೂರ್ಣ ಊಟದಲ್ಲಿ ಬೆಲ್ಲದ ಚಿಕ್ಕಿ ಇದೆ. ಸಕ್ಕರೆ ಇರುವವರಿಗೆ ಅದರ ಬದಲು ಬರೀ ಶೇಂಗಾ ಕೊಡುವಂತೆ ಮಹಿಳಾ ಮತ್ತು ಮಕ್ಕಳ ಇಲಾಖೆಯವರ ಜೊತೆ ಮಾತಾಡಿ. ಇನ್ನು ದಿನವಿಡೀ ಏರು-ಇಳಿಜಾರಿನಲ್ಲಿ ಕಾಫಿ ಕುಯ್ಯುವವಳಿಗೆ "ವಾಕಿಂಗ್ ಮಾಡಿ" ಅನ್ನುವುದು ಬೇಡ. ಅವಳಿಗೆ ಬೇಕಾದದ್ದು ಹೊತ್ತಿಗೆ ಸರಿಯಾಗಿ ಊಟ.

ಇನ್ಸುಲಿನ್ ಬೇಕಾದವರ ಬಗ್ಗೆ ಒಂದು ಮಾತು. ಮಳೆಗಾಲದಲ್ಲಿ ನಮ್ಮಲ್ಲಿ ದಿನಗಟ್ಟಲೆ ಕರೆಂಟ್ ಇರುವುದಿಲ್ಲ, ಲೈನ್‌ಮನೆಯಲ್ಲಿ ಫ್ರಿಜ್ಜೇ ಇಲ್ಲ. ಬಳಸುತ್ತಿರುವ ಬಾಟಲಿಯನ್ನು ಬಿಸಿಲು, ಒಲೆ ತಾಗದ ತಣ್ಣನೆ ಜಾಗದಲ್ಲಿ, ನೀರಿನ ಮಡಕೆಯ ಆಸರೆಯಲ್ಲಿ ಇಡಬಹುದು ಅಂತ ಸಿಸ್ಟರ್ ಮನೆಗೇ ಹೋಗಿ ತೋರಿಸಿದರೆ ಹೆದರಿ ಬಿಡುವವರು ಕಡಿಮೆಯಾಗುತ್ತಾರೆ. ಅಂಥವರ ಹೆರಿಗೆ ಆಪರೇಷನ್ ಸೌಲಭ್ಯ ಇರುವ ಕಡೆಯೇ ಆಗಬೇಕು. ಮಡಿಕೇರಿಗೆ ಯಾವ ದಿನ ಬರಬೇಕು ಅಂತ ಮುಂಚೆಯೇ ಗೊತ್ತು ಮಾಡಿದರೆ ನೋವು ಶುರುವಾದ ಮೇಲೆ ರಾತ್ರಿ ಮಳೆಯಲ್ಲಿ 108ಕ್ಕೆ ಕಾಯುವುದು ತಪ್ಪುತ್ತದೆ. ಮಗು ಹುಟ್ಟಿದ ಒಂದು ಗಂಟೆಯೊಳಗೆ ಎದೆಹಾಲು, ಮತ್ತು ಮಗುವಿನ ಶುಗರ್ ನೋಡುವುದು ಯಾವ ಆಸ್ಪತ್ರೆಯಲ್ಲೂ ಬಿಟ್ಟುಹೋಗಬಾರದು.

ಹೆರಿಗೆಯಾದ ಮೇಲೆ ಹೆಚ್ಚಿನವರ ಶುಗರ್ ತಾನಾಗಿ ಇಳಿಯುತ್ತದೆ. ಅಲ್ಲಿಗೆ ಎಲ್ಲರೂ ಮರೆತುಬಿಡುತ್ತಾರೆ. ಆದರೆ ಈ ಹೆಂಗಸರಿಗೆ ಮುಂದೆ ಶಾಶ್ವತ ಸಕ್ಕರೆ ಕಾಯಿಲೆ ಬರುವ ಸಾಧ್ಯತೆ ಉಳಿದವರಿಗಿಂತ ಎಷ್ಟೋ ಪಟ್ಟು ಜಾಸ್ತಿ. ಆರು ವಾರಕ್ಕೆ ಮತ್ತೆ ಗ್ಲೂಕೋಸ್ ಟೆಸ್ಟ್ ಆಗಬೇಕು ಅಂತ ಮಾರ್ಗಸೂಚಿಯಲ್ಲಿದೆ. ಬಾಣಂತಿ ತನ್ನ ಟೆಸ್ಟಿಗೆ ಅಂತ ಹೊರಡುವುದು ಕಷ್ಟ. ಆದರೆ ಮಗುವಿಗೆ ಆರು ವಾರದ ಚುಚ್ಚುಮದ್ದು ಹಾಕಿಸಲು ಬಂದೇ ಬರುತ್ತಾಳೆ. ಆ ದಿನ ಮಗುವಿನ ಕಾರ್ಡಿನ ಜೊತೆ ತಾಯಿಯ ಕಾರ್ಡನ್ನೂ ಕೇಳಿ ನೋಡಲಿ, ಅಲ್ಲೇ ಲೋಟಕ್ಕೆ ಗ್ಲೂಕೋಸ್ ಹಾಕಲಿ.

ಗರ್ಭಿಣಿಯರಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಟೆಸ್ಟು, ಔಷಧಿ ಉಚಿತ ಅನ್ನುವುದು 2011ರಿಂದಲೇ ಇರುವ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದ ಮಾತು. ಹಾಗಾಗಿ ನಾನು ಕೇಳುತ್ತಿರುವುದಕ್ಕೆ ಹೊಸ ಯೋಜನೆ ಬೇಕಿಲ್ಲ. ಈ ಮೇ ತಿಂಗಳೊಳಗೆ ಪ್ರತಿ ಉಪಕೇಂದ್ರದಲ್ಲಿ ಗ್ಲೂಕೋಸ್ ಪ್ಯಾಕೆಟ್ ಎಷ್ಟಿದೆ, ಮಳೆಗಾಲದಲ್ಲಿ ಎಷ್ಟು ಜನಕ್ಕೆ ಎರಡನೇ ಟೆಸ್ಟ್ ಬರುತ್ತದೆ ಅಂತ ಒಂದು ಲೆಕ್ಕ ತೆಗೆಸಿ. ಆಗಸ್ಟ್ ಮುಗಿದ ಮೇಲೆ ಅದರಲ್ಲಿ ಎಷ್ಟು ಜನಕ್ಕೆ ಟೆಸ್ಟ್ ಆಯಿತು ಅನ್ನುವುದನ್ನು ತಾಲ್ಲೂಕುವಾರು ಪತ್ರಿಕೆಗಳಿಗೆ ಕೊಡಿ. ನಮ್ಮ ಶಾಲೆಯ ತಾಯಂದಿರ ಸಭೆಗೆ ನಿಮ್ಮ ಸಿಬ್ಬಂದಿ ಯಾವ ದಿನ ಬರುತ್ತಾರೆ ಅಂತ ತಿಳಿಸಿದರೆ ಸುತ್ತಮುತ್ತಲ ಲೈನ್‌ಮನೆಗಳಿಗೆ ಸುದ್ದಿ ಮುಟ್ಟಿಸುವ ಕೆಲಸ ನನ್ನದು.

ಇಂತಿ ನಮಸ್ಕಾರಗಳೊಂದಿಗೆ,
ವಿರಾಜಪೇಟೆ ತಾಲ್ಲೂಕಿನ ಒಬ್ಬ ಶಿಕ್ಷಕಿ